ಪೆರ್ಮೆಸ್ಸೊ, ಒಳಗೆ ಬರಬಹುದೇ?

ಇಟಾಲಿಯನ್ ಕಲಿಯಲು ಕೂತವರಿಗೆ ಮೊದಲ ವಾರದಲ್ಲೇ ‘ಪ್ರೇಗೊ’ ಎದುರಾಗುತ್ತದೆ. ಧಾತು ಹಿಡಿದು ಹೊರಟರೆ ಅದರ ಅರ್ಥ ‘ಬೇಡಿಕೊಳ್ಳುತ್ತೇನೆ’. ಬೀದಿಗೆ ಬಂದರೆ ಆ ಅರ್ಥ ಎಲ್ಲೂ ಕಾಣಿಸದು. ‘ಗ್ರಾತ್ಸಿಯೆ’ ಎಂದು ಉಪಕಾರ ನೆನೆದವರಿಗೆ ‘ಇರಲಿ ಬಿಡಿ’ ಎನ್ನುವುದು ಪ್ರೇಗೊ. ಬಾಗಿಲಲ್ಲಿ ಪಕ್ಕಕ್ಕೆ ಸರಿದು ‘ನೀವು ಮುಂದೆ ಹೋಗಿ’ ಎನ್ನುವುದೂ ಪ್ರೇಗೊ. ಅಂಗಡಿಯಾತ ‘ಏನು ಬೇಕಿತ್ತು?’ ಎಂದು ಕೇಳುವುದೂ, ಮನೆಯವರು ಕುರ್ಚಿ ತೋರಿಸಿ ‘ಕೂತ್ಕೊಳ್ಳಿ’ ಎನ್ನುವುದೂ ಅದೇ. ನಿಘಂಟು ಈ ಅರ್ಥಗಳನ್ನು ಸಾಲಾಗಿ ಕೊಡುತ್ತದೆ, ಯಾವುದು ಯಾವ ಹೊತ್ತಿಗೆ ಎಂಬುದನ್ನು ನಮಗೇ ಬಿಡುತ್ತದೆ. ಕನ್ನಡದವರಿಗೆ ಇದು ಹೊಸದೇನಲ್ಲ. ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎನ್ನದೆ ‘ಹೋಗಿ ಬರ್ತೀನಿ’ ಎನ್ನುವುದನ್ನು ಯಾವ ವ್ಯಾಕರಣ ಪುಸ್ತಕ ಕಲಿಸಿತು? ದಿನಬಳಕೆಯ ಇಟಾಲಿಯನ್ ಹೊರಗಿನವರಿಗೆ ಕಷ್ಟವಾಗುವುದು ಪದಗಳ ಸಂಖ್ಯೆಯಿಂದಲ್ಲ, ಅವುಗಳ ಹೊತ್ತುಗೊತ್ತಿನಿಂದ ಎಂಬುದು ನನ್ನ ವಾದ.

ಸಂಖ್ಯೆಯೇನೂ ಎದೆಗೆಡಿಸುವಷ್ಟಿಲ್ಲ. ಭಾಷಾವಿಜ್ಞಾನಿ ತುಲ್ಲಿಯೊ ದೆ ಮಾವ್ರೊ 2016ರಲ್ಲಿ ಪರಿಷ್ಕರಿಸಿ ಹೊರತಂದ ಮೂಲ ಪದಪಟ್ಟಿಯಲ್ಲಿರುವುದು ಸುಮಾರು 7000 ಪದ. ಮಾತು ಬರಹಗಳ ಬಹುಪಾಲು ಭಾರ ಹೊರುವುದು ಅವುಗಳಲ್ಲಿ ತಿರುಳಿನಂಥ 2000. ಉಚ್ಚಾರಣೆಯಲ್ಲಂತೂ ಕನ್ನಡಿಗರಿಗೆ ಇಂಗ್ಲಿಷರಿಗಿಲ್ಲದ ಅನುಕೂಲವಿದೆ. ‘ಬಸ್ಸು’, ‘ಕಾರು’ ಎಂದು ಎರವಲು ಪದಕ್ಕೂ ಸ್ವರದ ಬಾಲ ಕಟ್ಟುವ ನಮಗೆ ಸ್ವರದಲ್ಲಿ ಮುಗಿಯುವ ಇಟಾಲಿಯನ್ ಪದಗಳು ಬಾಯಿಗೆ ಒಗ್ಗುತ್ತವೆ. ಕತೆಗೂ ಕತ್ತೆಗೂ ಇರುವ ಅಂತರ ಬಲ್ಲವರಿಗೆ ‘ಪಾಲಾ’ ಎಂದರೆ ಸಲಿಕೆ, ‘ಪಾಲ್ಲಾ’ ಎಂದರೆ ಚೆಂಡು ಎಂದು ಬಿಡಿಸಿ ಹೇಳಬೇಕಿಲ್ಲ. ‘ಆನ್ನೊ’ ಎಂದರೆ ವರ್ಷ. ಒತ್ತು ತಪ್ಪಿದರೆ ಅದು ಗುದದ್ವಾರವಾಗುವುದರಿಂದ, ವಯಸ್ಸು ಹೇಳುವಾಗ ತುಸು ಎಚ್ಚರ ಒಳ್ಳೆಯದು.

ತೊಡಕು ಶುರುವಾಗುವುದು ಯಾರಿಗೆ ಏನೆನ್ನಬೇಕು ಎಂಬಲ್ಲಿ. ಜಗತ್ತಿಗೆಲ್ಲ ಗೊತ್ತಿರುವ ‘ಚಾವ್’ ಹುಟ್ಟಿದ್ದು ವೆನಿಸ್ಸಿನ ಆಡುಮಾತಿನಲ್ಲಿ, ‘ನಿಮ್ಮ ದಾಸ’ ಎಂಬ ವಿನಯದಿಂದ. ಈಗ ಅದು ಸಲಿಗೆಯ ಗುರುತು. ಗುರುತಿಲ್ಲದ ಹಿರಿಯರಿಗೆ, ಬ್ಯಾಂಕಿನ ಗುಮಾಸ್ತರಿಗೆ ಚಾವ್ ಎಂದರೆ ಹಗುರವಾಗಿ ಕೇಳಿಸುತ್ತದೆ; ಅಲ್ಲಿ ಸಲ್ಲುವುದು ‘ಬ್ವೊನ್‌ಜೋರ್ನೊ’. ಗೌರವದಿಂದ ಮಾತಾಡಿಸುವಾಗ ಎದುರಿಗಿರುವವರನ್ನು ‘ಲೇಯಿ’ ಎನ್ನುತ್ತಾರೆ. ಲೇಯಿ ಎಂದರೆ ‘ಅವಳು’, ಗಂಡಸಿಗೂ ಅದೇ. ನಾವು ಮಠಾಧೀಶರಿಗೆ ‘ಸನ್ನಿಧಾನ’ ಎನ್ನುವಂತೆ ಅವರಲ್ಲಿದ್ದ ಗೌರವಪದ ಸ್ತ್ರೀಲಿಂಗದ್ದು, ಸರ್ವನಾಮ ಅದನ್ನು ಹಿಂಬಾಲಿಸಿತು. ನಮ್ಮ ‘ತಾವು’ ಕೂಡ ‘ತಮ್ಮಷ್ಟಕ್ಕೆ ತಾವು’ ಎಂಬ ಪ್ರಥಮ ಪುರುಷದಿಂದ ಬಂದು ಎದುರಿನವರ ಮೇಲೆ ಕೂತದ್ದೇ ಅಲ್ಲವೇ? ಇಷ್ಟು ಸಣ್ಣ ಪದಕ್ಕೆ ಎಷ್ಟು ತೂಕವಿದೆ ಎಂಬುದಕ್ಕೆ 1938 ಸಾಕ್ಷಿ. ಆ ವರ್ಷ ಮುಸ್ಸೊಲಿನಿಯ ಸರ್ಕಾರ ಲೇಯಿ ಪರಕೀಯವೆಂದು, ಗಂಡಸುತನಕ್ಕೆ ತಕ್ಕುದಲ್ಲವೆಂದು ನಿಷೇಧಿಸಿ ‘ವೊಯಿ’ಯನ್ನು ಹೇರಿತು. ‘ಲೇಯಿ’ ಎಂಬ ಮಹಿಳಾ ಪತ್ರಿಕೆಯೊಂದು ‘ಅನ್ನಾಬೆಲ್ಲಾ’ ಎಂದು ಹೆಸರು ಬದಲಿಸಿಕೊಂಡಿತು, ಅಲ್ಲಿ ಲೇಯಿ ಎಂದರೆ ಬರೀ ‘ಅವಳು’ ಎಂದಿದ್ದರೂ! ಸರ್ಕಾರ ಬಿದ್ದಿತು, ಲೇಯಿ ಉಳಿಯಿತು.

ಹೊತ್ತುಗೊತ್ತಿನ ಇನ್ನೊಂದು ಪಾಠಶಾಲೆ ಅಲ್ಲಿನ ಬಾರ್. ಹೆಸರು ಕೇಳಿ ಗಾಬರಿ ಬೇಡ. ಅದು ಬೆಳಗಿನ ಕಾಫಿಯ ಜಾಗ, ನಮ್ಮ ದರ್ಶಿನಿಗೆ ಹತ್ತಿರದ್ದು. ಎಷ್ಟೋ ಕಡೆ ಮೊದಲು ಗಲ್ಲೆಯಲ್ಲಿ ದುಡ್ಡು ಕೊಟ್ಟು ಚೀಟಿ ಪಡೆದು, ಕಟ್ಟೆಯೆದುರು ನಿಂತೇ ಕುಡಿಯಬೇಕು. ಮೇಜಿಗೆ ಕೂತರೆ ಬೆಲೆ ಹೆಚ್ಚಾಗುವುದು ಸಾಮಾನ್ಯ. ಬರೀ ‘ಕಫ್ಫೆ’ ಎಂದರೆ ಪುಟ್ಟ ಬಟ್ಟಲಿನ ಎಸ್ಪ್ರೆಸೊ. ‘ಲಾತ್ತೆ’ ಎಂದು ಕೇಳಿದವರಿಗೆ ಹಾಲೇ ಬರುತ್ತದೆ, ಆ ಪದದ ಅರ್ಥವೇ ಹಾಲು. ಕ್ಯಾಪುಚಿನೊ ಬೆಳಗಿನದು, ಊಟದ ಮೇಲಲ್ಲ. ಉಂಡ ಹೊಟ್ಟೆಗೆ ಅಷ್ಟು ಹಾಲು ಭಾರ ಎಂಬುದು ಅವರ ನಂಬಿಕೆ. ಇದೆಲ್ಲ ಪ್ರವಾಸಿಗರಿಗಾಗಿ ಉಬ್ಬಿಸಿದ ಮಡಿಮೈಲಿಗೆ, ಮಧ್ಯಾಹ್ನ ಕೇಳಿದರೂ ಕೊಡುತ್ತಾರೆ ಎಂದು ಆಕ್ಷೇಪಿಸಬಹುದು. ಕೊಡುತ್ತಾರೆ, ನಿಜ. ಸಂಜೆ ಆರಕ್ಕೆ ಇಡ್ಲಿ ಕೇಳಿದರೆ ನಮ್ಮಲ್ಲೂ ಕೊಡುವವರುಂಟು. ಇದು ಕಾನೂನಲ್ಲ, ರೂಢಿ. ಮುರಿಯಲಿಕ್ಕಾದರೂ ಅದು ಗೊತ್ತಿರಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ: ಇಟಾಲಿಯನ್ ಎಂದರೆ ಯಾವ ಊರಿನದು? ಕಲ್ಲಂಗಡಿ ಉತ್ತರದಲ್ಲಿ ‘ಆಂಗೂರಿಯಾ’, ರೋಮ್ ಸುತ್ತಮುತ್ತ ‘ಕೊಕೊಮೆರೊ’. 1861ರಲ್ಲಿ ದೇಶ ಒಂದಾದಾಗ ಇಟಾಲಿಯನ್ ಬಲ್ಲವರು ನೂರಕ್ಕೆ 2.5ರಷ್ಟು ಮಾತ್ರ ಎಂಬುದು ದೆ ಮಾವ್ರೊ ಲೆಕ್ಕ. ವಿದ್ವಾಂಸ ಅರ್ರಿಗೊ ಕಸ್ತೆಲ್ಲಾನಿ ಅದನ್ನು ಹತ್ತರ ಹತ್ತಿರಕ್ಕೆ ಏರಿಸಿದರು. ಉಳಿದವರ ಮನೆಮಾತು ಊರೂರಿನ ನುಡಿ. 1960ರಿಂದ 1968ರವರೆಗೆ ಅಲ್ಬೆರ್ತೊ ಮಾಂಜಿ ಎಂಬ ಮೇಷ್ಟ್ರು ಟಿ.ವಿ.ಯಲ್ಲಿ ದೊಡ್ಡವರಿಗೆ ಓದುಬರಹ ಕಲಿಸಬೇಕಾಯಿತು. ನನಗೆ ಕಾಣುವಂತೆ ಈ ಚರಿತ್ರೆ ಕಲಿಯುವವರ ಪರವಾಗಿಯೇ ಇದೆ. ಅಜ್ಜನ ಕಾಲದಲ್ಲಿ ತಾವೇ ಕಲಿತ ಭಾಷೆಯಲ್ಲಿ ಹಣ್ಣಿನ ಹೆಸರು ಬೇರೆಯಾದರೆ ಯಾರೂ ಹುಬ್ಬೇರಿಸುವುದಿಲ್ಲ. ಮರ್ಯಾದೆಯ ಮಾತುಗಳಲ್ಲೂ ವ್ಯತ್ಯಾಸವಿದೆ, ನೇಪಲ್ಸ್ ಕಡೆ ಹಿರಿಯರಿಗೆ ವೊಯಿ ಇನ್ನೂ ಉಂಟು. ಆದರೆ ಸಲಿಗೆ ಗೌರವಗಳ ಗೆರೆ ಎಲ್ಲ ಕಡೆಯೂ ಇದೆ.

ಫೋನೇ ಅನುವಾದಿಸುವಾಗ ಇಷ್ಟೆಲ್ಲ ಏಕೆ ಎನ್ನುವವರಿಗೆ ‘ಮಗಾರಿ’ ತೋರಿಸಬೇಕು. ಲಾಟರಿ ಹೊಡೆದರೆ ಮನೆ ಕೊಳ್ತೀಯಾ ಎಂದರೆ ಮಗಾರಿ, ‘ಅಂಥ ಭಾಗ್ಯ ಬರಬಾರದೇ’. ನಾಳೆ ಸಿಗೋಣವೇ ಎಂದರೂ ಮಗಾರಿ, ‘ನೋಡೋಣ’. ಬಂದಾರೋ ಇಲ್ಲವೋ ಎಂಬುದು ದನಿಯಲ್ಲಿದೆ, ಪದದಲ್ಲಿಲ್ಲ. ಕೆಲಸಕ್ಕೋ ಓದಿಗೋ ಹೋದ ಭಾರತೀಯರಿಗೆ ಬೇಗ ಪರಿಚಯವಾಗುವ ಪದ ‘ಪೆರ್ಮೆಸ್ಸೊ’, ಪೊಲೀಸ್ ಕಚೇರಿಯಿಂದ ಪಡೆಯುವ ವಾಸದ ಪರವಾನಗಿ ಪತ್ರ. ದೀರ್ಘಾವಧಿ ಪತ್ರಕ್ಕೆ ಎ2 ಮಟ್ಟದ, 2018ರಿಂದ ಪೌರತ್ವಕ್ಕೆ ಬಿ1 ಮಟ್ಟದ ಭಾಷಾಜ್ಞಾನ ಬೇಕು. ಅದೇ ಪದಕ್ಕೆ ಇನ್ನೊಂದು ಬಳಕೆಯಿದೆ. ಆತಿಥೇಯರು ಬಾಗಿಲು ತೆರೆದು ‘ಬನ್ನಿ, ಬನ್ನಿ’ ಎಂದು ಕರೆದಾಗಲೂ ಇಟಾಲಿಯನ್ನರು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು ‘ಪೆರ್ಮೆಸ್ಸೊ?’ ಎಂದು ಕೇಳಿಯೇ ಕಾಲಿಡುತ್ತಾರೆ. ಒಳಗಿನಿಂದ ಬರುವ ಉತ್ತರ: ‘ಪ್ರೇಗೊ’.