ಪಿಟ್ಸ್‌ಬರ್ಗ್ ಗರಡಿಯಲ್ಲಿ ಪಳಗಿದವರು, ಪಳಗದೆ ಹೋದವರು

2008ರ ನವೆಂಬರ್‌ನಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡ ಉತ್ತರ ಪ್ರದೇಶದ ಇಬ್ಬರು ಹುಡುಗರ ಜೊತೆ ಕರಾರು ಮಾಡಿಕೊಂಡಿತು. ಒಬ್ಬ ರಿಂಕು ಸಿಂಗ್, ಇನ್ನೊಬ್ಬ ದಿನೇಶ್ ಪಟೇಲ್. ಐಪಿಎಲ್‌ನ ರಿಂಕು ಸಿಂಗ್ ಬೇರೆ, ಈತ ಬೇರೆ. ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು. ಆ ವರ್ಷಕ್ಕೆ ಮುಂಚೆ ಬೇಸ್‌ಬಾಲ್ ಚೆಂಡನ್ನು ಕೈಯಲ್ಲಿ ಹಿಡಿದವರೇ ಅಲ್ಲ. ‘ಮಿಲಿಯನ್ ಡಾಲರ್ ಆರ್ಮ್’ ಎಂಬ ಟಿವಿ ಸ್ಪರ್ಧೆಯಲ್ಲಿ ಸಾವಿರಾರು ಹುಡುಗರ ನಡುವೆ ಇವರ ತೋಳಿನ ಬಲ ಕಂಡು ಆರಿಸಿದ್ದರು. ಈ ಕಥೆಯನ್ನು ಡಿಸ್ನಿ ಕಂಪನಿ 2014ರಲ್ಲಿ ಸಿನಿಮಾ ಮಾಡಿತು. ಸಿನಿಮಾ ಮುಗಿಯುವುದು ಕರಾರಿನ ಸಂಭ್ರಮಕ್ಕೆ. ಆಟಗಾರನ ಬದುಕು ಶುರುವಾಗುವುದು ಅಲ್ಲಿಂದ ಮುಂದೆ. ದಿನೇಶ್‌ನನ್ನು ತಂಡ 2010ರಲ್ಲಿ ಬಿಟ್ಟುಕೊಟ್ಟಿತು. ರಿಂಕು ಕೆಳಹಂತದ ಲೀಗ್‌ಗಳಲ್ಲಿ ಕೆಲವು ವರ್ಷ ಆಡಿ, ತೋಳಿನ ಗಾಯಗಳಿಂದ ನಲುಗಿ, 2018ರಲ್ಲಿ ಡಬ್ಲ್ಯುಡಬ್ಲ್ಯುಇ ಕುಸ್ತಿಯ ಅಖಾಡ ಸೇರಿದ.

ಆ ಇಬ್ಬರೂ ಮೇಲಿನ ಹಂತಕ್ಕೆ ಏರಲಿಲ್ಲವೆಂದು ಪೈರೇಟ್ಸನ್ನು ದೂರುವಂತಿಲ್ಲ. ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಓಂಕಾರ ಬರೆಯಲು ಕೂತವರು ಅವರು. ಆದರೆ ಹುಟ್ಟಿದಾಗಿನಿಂದ ಬೇಸ್‌ಬಾಲನ್ನೇ ಉಸಿರಾಡಿದವರು ಇದೇ ತಂಡಕ್ಕೆ ಬಂದಾಗ ಏನಾದರು? ಇಲ್ಲಿಂದ ಹೊರಟ ಮೇಲೆ ಏನಾದರು? ಕೈಗೆ ಬಂದ ಆಟಗಾರನನ್ನು ಒಂದು ತಂಡ ಬೆಳೆಸುವುದೆಂದರೆ ಏನು ಎಂಬುದಕ್ಕೆ ಪಿಟ್ಸ್‌ಬರ್ಗ್‌ನಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ಈ ವಿದ್ಯೆಯಲ್ಲಿ ಅದು ಒಂದು ಕಾಲಕ್ಕೆ ಇಡೀ ದೇಶಕ್ಕೆ ಮಾದರಿಯಾಗಿತ್ತು. ಐದಾರು ವರ್ಷ ಕಳೆಯುವುದರೊಳಗೆ ನಗೆಪಾಟಲಿಗೆ ಈಡಾಯಿತು.

ನಮ್ಮ ಓದುಗರಿಗೆ ವ್ಯವಸ್ಥೆಯ ಪರಿಚಯ ಸ್ವಲ್ಪ ಬೇಕು. ಐಪಿಎಲ್ ತಂಡ ಹರಾಜಿನಲ್ಲಿ ಆಟಗಾರನನ್ನು ಕೊಂಡು ಎರಡು ತಿಂಗಳು ಆಡಿಸಿ ಕಳಿಸುತ್ತದೆ. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಮೇಜರ್ ಲೀಗ್‌ನಲ್ಲಿ 30 ತಂಡಗಳು, ಪ್ರತಿ ತಂಡಕ್ಕೆ ವರ್ಷಕ್ಕೆ 162 ಪಂದ್ಯ. ಪ್ರತಿ ತಂಡದ ಕೆಳಗೂ ನಾಲ್ಕು ಮೆಟ್ಟಿಲಿನ ಮೈನರ್ ಲೀಗ್ ತಂಡಗಳು, ಅದಕ್ಕೂ ಕೆಳಗೆ ಹೊಸಬರ ತಂಡಗಳು. ಶಾಲೆ ಕಾಲೇಜುಗಳಿಂದ ಡ್ರಾಫ್ಟ್‌ನಲ್ಲಿ ಆರಿಸಿದ ಹುಡುಗರು, ಕೆರಿಬಿಯನ್ ದೇಶಗಳಿಂದ ಕರೆತಂದ ಎಳೆಯರು ಈ ಮೆಟ್ಟಿಲುಗಳನ್ನು ವರ್ಷಗಟ್ಟಲೆ ಹತ್ತಬೇಕು. ಮೇಲೆ ಬಂದ ಮೇಲೂ ಆರು ವರ್ಷದ ಸೇವೆ ಮುಗಿಯುವವರೆಗೆ ಆಟಗಾರ ತಂಡದ ಸೊತ್ತು. ಬೇಕಾದರೆ ಅವನನ್ನು ಇನ್ನೊಂದು ತಂಡದ ಆಟಗಾರನಿಗೆ ಅದಲುಬದಲು ಮಾಡಬಹುದು. ದುಡ್ಡಿರುವ ನ್ಯೂಯಾರ್ಕ್, ಲಾಸ್ ಏಂಜಲೀಸ್ ತಂಡಗಳು ತಯಾರಾದ ಆಟಗಾರರನ್ನು ಕೊಳ್ಳುತ್ತವೆ. ಪಿಟ್ಸ್‌ಬರ್ಗ್‌ನಂಥ ಬಿಗಿಮುಷ್ಟಿಯ ತಂಡಕ್ಕೆ ತಯಾರಿಸಿಕೊಳ್ಳುವುದೊಂದೇ ದಾರಿ.

ಈ ಮೆಟ್ಟಿಲುಗಳ ಪದ್ಧತಿಯನ್ನು ಕಟ್ಟಿದವನು ಬ್ರಾಂಚ್ ರಿಕಿ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದಲ್ಲಿದ್ದಾಗ ಅದನ್ನು ರೂಪಿಸಿದ. ಮುಂದೆ ಬ್ರೂಕ್ಲಿನ್ ಡಾಜರ್ಸ್ ತಂಡಕ್ಕೆ ಹೋಗಿ, 1947ರಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್‌ನನ್ನು ಕಣಕ್ಕಿಳಿಸಿ ಮೇಜರ್ ಲೀಗ್‌ನ ವರ್ಣಬೇಲಿಯನ್ನು ಮುರಿದವನೂ ಈತನೇ. ಐವತ್ತರ ದಶಕದ ಮೊದಲರ್ಧದಲ್ಲಿ ರಿಕಿ ಪಿಟ್ಸ್‌ಬರ್ಗ್‌ಗೆ ಬಂದ. 1954ರ ನವೆಂಬರ್‌ನಲ್ಲಿ, ತನ್ನ ಹಳೆಯ ಡಾಜರ್ಸ್ ತಂಡ ಕೆಳಹಂತದಲ್ಲಿ ಬಚ್ಚಿಟ್ಟಿದ್ದ ಪೋರ್ಟೊರಿಕೊದ ಹುಡುಗನೊಬ್ಬನನ್ನು ನಿಯಮದ ಸಂದಿಯಲ್ಲಿ ಬರೇ 4,000 ಡಾಲರ್‌ಗೆ ಎತ್ತಿಕೊಂಡ. ಆ ಹುಡುಗ ರಾಬರ್ಟೊ ಕ್ಲೆಮೆಂಟೆ. ಮೊದಲ ವರ್ಷ ಅವನ ಬ್ಯಾಟಿಂಗ್ ಸರಾಸರಿ, ಅಂದರೆ ಸರದಿಗೆ ಎಷ್ಟು ಹಿಟ್ ಎಂಬ ಲೆಕ್ಕ (ಚೆಂಡು ಹೊಡೆದು ಸುರಕ್ಷಿತವಾಗಿ ಬೇಸ್ ತಲುಪಿದರೆ ಒಂದು ಹಿಟ್), 0.255, ಸಾಧಾರಣಕ್ಕಿಂತ ಹೆಚ್ಚೇನಲ್ಲ. ತಂಡ ಕಾದಿತು. 1961ರಲ್ಲಿ ಅದು 0.351ಕ್ಕೆ ಏರಿತ್ತು. 1972ರ ಡಿಸೆಂಬರ್ 31ರಂದು, ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಗ್ರಿ ಒಯ್ಯುತ್ತಿದ್ದ ವಿಮಾನ ಬಿದ್ದು ಅವನು ತೀರಿಕೊಂಡಾಗ, ಅವನ ಹೆಸರಲ್ಲಿ ಸರಿಯಾಗಿ 3,000 ಹಿಟ್‌ಗಳಿದ್ದವು.

ಅಂಥ ಪರಂಪರೆಯ ತಂಡ 1993ರಿಂದ 2012ರವರೆಗೆ ಸತತ ಇಪ್ಪತ್ತು ವರ್ಷ ಗೆಲುವಿಗಿಂತ ಸೋಲೇ ಹೆಚ್ಚು ಕಂಡಿತು. ಅಮೆರಿಕದ ವೃತ್ತಿಪರ ಕ್ರೀಡೆಯಲ್ಲಿ ಇಷ್ಟು ಉದ್ದದ ಸೋಲಿನ ಸರಣಿ ಬೇರೆ ಯಾವ ತಂಡಕ್ಕೂ ಇಲ್ಲ. ರಿಂಕು, ದಿನೇಶ್ ಬಂದದ್ದು ಈ ಸರಣಿಯ ನಡುವೆಯೇ. ಆ ಇಬ್ಬರು ಸಹಿ ಹಾಕುವುದಕ್ಕೆ ಮೂರು ತಿಂಗಳ ಹಿಂದೆ ತಂಡ ಹೊಸೆ ಬೌಟಿಸ್ಟಾ ಎಂಬ ಬ್ಯಾಟರ್‌ನನ್ನು ಟೊರೊಂಟೊಗೆ ಹೆಚ್ಚುಕಡಿಮೆ ಪುಕ್ಕಟೆಯಾಗಿ ದಾಟಿಸಿತ್ತು. ಪಿಟ್ಸ್‌ಬರ್ಗ್‌ನಲ್ಲಿ ವರ್ಷಕ್ಕೆ 16 ಹೋಮ್‌ರನ್‌ (ಚೆಂಡನ್ನು ಮೈದಾನದಾಚೆ ಬಾರಿಸುವ ಹೊಡೆತ) ದಾಟದ ಆತ, ಬ್ಯಾಟ್ ಬೀಸುವ ಗಳಿಗೆಯನ್ನು ಸ್ವಲ್ಪ ಮುಂಚಿತವಾಗಿಸಿದ್ದಷ್ಟೇ ಸಾಕಾಗಿ, 2010ರಲ್ಲಿ ಟೊರೊಂಟೊ ಪರ 54 ಹೋಮ್‌ರನ್ ಬಾರಿಸಿದ. ಆಗ ಇದನ್ನು ದುರದೃಷ್ಟವೆಂದು ತಳ್ಳಿಹಾಕಬಹುದಿತ್ತು.

2013ರ ಹೊತ್ತಿಗೆ ಚಿತ್ರ ಬದಲಾಯಿತು. ಇಲ್ಲಿ ಎಸೆತದ ಬಗ್ಗೆ ಎರಡು ಮಾತು ಹೇಳಲೇಬೇಕು. ಬೇಸ್‌ಬಾಲ್‌ನಲ್ಲಿ ಚೆಂಡು ನೆಲಕ್ಕೆ ಪುಟಿಯುವುದಿಲ್ಲ, ಕ್ರಿಕೆಟ್ ಲೆಕ್ಕದಲ್ಲಿ ಎಲ್ಲವೂ ಫುಲ್‌ಟಾಸ್. ಆದ್ದರಿಂದ ಚೆಂಡೆಸೆಯುವ ಪಿಚರ್‌ನ ಆಟವೆಲ್ಲ ಗಾಳಿಯಲ್ಲೇ ನಡೆಯಬೇಕು. ಸಿಂಕರ್ ಎಂಬ ಎಸೆತ ಬ್ಯಾಟರ್‌ ಹತ್ತಿರ ಬಂದಾಗ ಕುಸಿಯುತ್ತದೆ. ಹೊಡೆದರೆ ಚೆಂಡು ನೆಲಕಚ್ಚಿ ಉರುಳುತ್ತದೆ. ಫೋರ್‌ಸೀಮರ್ ಎಂಬ ನೇರ ವೇಗದ ಎಸೆತಕ್ಕೆ ಹಿಮ್ಮುಖ ತಿರುಗು ಹೆಚ್ಚು. ಅದು ಬೀಳಬೇಕಾದಷ್ಟು ಬೀಳದೆ, ಮೇಲಕ್ಕೇ ಏರಿ ಬಂದಂತೆ ಬ್ಯಾಟರ್‌ನ ಕಣ್ಣಿಗೆ ಮೋಸ ಮಾಡುತ್ತದೆ.

ಪೈರೇಟ್ಸ್‌ನ ಪಿಚಿಂಗ್ ಕೋಚ್ ರೇ ಸಿಯರೇಜ್ ಆರಿಸಿಕೊಂಡದ್ದು ಸಿಂಕರ್. ಕೆಳಗೆ, ಬ್ಯಾಟರ್‌ನ ಮೈಗೆ ಹತ್ತಿರಕ್ಕೆ ಎಸೆಯಿರಿ, ಹೊಡೆಯಲಿ ಬಿಡಿ, ಚೆಂಡು ಉರುಳಲಿ ಎಂಬುದು ಅವನ ಪಾಠ. ಚೆಂಡು ಎಲ್ಲಿ ಉರುಳೀತೆಂದು ಅಂಕಿಅಂಶ ಶಾಸ್ತ್ರಜ್ಞರು ಲೆಕ್ಕಹಾಕಿ ಫೀಲ್ಡರ್‌ಗಳನ್ನು ಮೊದಲೇ ಅಲ್ಲಿ ನಿಲ್ಲಿಸುತ್ತಿದ್ದರು. ಜೊತೆಗೆ, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ರಸೆಲ್ ಮಾರ್ಟಿನ್‌ನನ್ನು ಎರಡು ವರ್ಷಕ್ಕೆ 1.7 ಕೋಟಿ ಡಾಲರ್‌ ಕೊಟ್ಟು ತಂದರು. ಅಂಚಿನ ಎಸೆತವನ್ನು ಕೈಗವಸಿನಲ್ಲಿ ನಯವಾಗಿ ಹಿಡಿದು ಅಂಪೈರ್ ಕಣ್ಣಿಗೆ ಸರಿಯಾದ ಎಸೆತವೆನಿಸುವಂತೆ ತೋರಿಸುವ ಕೌಶಲ ಅವನದು. ಬೇರೆಯವರು ಅದಕ್ಕೆ ಬೆಲೆ ಕಟ್ಟುವುದನ್ನು ಇನ್ನೂ ಸರಿಯಾಗಿ ಕಲಿತಿರಲಿಲ್ಲ.

ಈ ಏರ್ಪಾಡಿನೊಳಕ್ಕೆ ಬೇರೆಡೆ ಮೂಲೆಗೆ ಬಿದ್ದವರು ಒಬ್ಬೊಬ್ಬರಾಗಿ ಬಂದರು. ಪಿಚರ್‌ನ ಅಳತೆಗೋಲು ಇಆರ್‌ಎ. ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಕೊಟ್ಟ ಎಂಬ ಲೆಕ್ಕ ಅದು. ಮೂರರ ಆಸುಪಾಸು ಇದ್ದರೆ ಉತ್ತಮ, ಐದು ದಾಟಿದರೆ ಕೆಲಸಕ್ಕೆ ಸಂಚಕಾರ. ಫ್ರಾನ್ಸಿಸ್ಕೊ ಲಿರಿಯಾನೊ 2012ರಲ್ಲಿ 5.34 ಇದ್ದವನು ಪಿಟ್ಸ್‌ಬರ್ಗ್‌ಗೆ ಬಂದ ವರ್ಷ 3.02ಕ್ಕೆ ಇಳಿದ. ಎಡಿನ್ಸನ್ ವೋಲ್ಕೆಸ್ 5.71ರಿಂದ 3.04ಕ್ಕೆ. ಮಾರ್ಕ್ ಮೆಲಾನ್ಸನ್ ಬಾಸ್ಟನ್‌ನಲ್ಲಿ 6.20, ಮರುವರ್ಷ ಪಿಟ್ಸ್‌ಬರ್ಗ್‌ನಲ್ಲಿ 1.39. ಎ.ಜೆ. ಬರ್ನೆಟ್‌ನನ್ನು ತೊಲಗಿಸಿಕೊಳ್ಳಲು ಯಾಂಕೀಸ್ ತಂಡ ಅವನ ಸಂಬಳದ ಹೆಚ್ಚಿನ ಪಾಲನ್ನು ತಾನೇ ಭರಿಸಿತ್ತು. ಅವನೂ ಇಲ್ಲಿ ಚೇತರಿಸಿಕೊಂಡ.

2013ರ ಅಕ್ಟೋಬರ್ 1ರ ರಾತ್ರಿ, 21 ವರ್ಷದ ಬಳಿಕ ಪಿಟ್ಸ್‌ಬರ್ಗ್‌ನಲ್ಲಿ ಪ್ಲೇಆಫ್ ಪಂದ್ಯ. ಎದುರಾಳಿ ಸಿನ್ಸಿನಾಟಿಯ ಪಿಚರ್ ಜಾನಿ ಕ್ವೇಟೊನ ಹೆಸರನ್ನು ಕಪ್ಪು ಬಟ್ಟೆ ತೊಟ್ಟ ಇಡೀ ಮೈದಾನ ರಾಗ ಎಳೆದು ಕೂಗುತ್ತಿತ್ತು. ಅವನ ಕೈಯಿಂದ ಚೆಂಡು ಜಾರಿ ಕೆಳಗೆ ಬಿತ್ತು. ಮುಂದಿನ ಎಸೆತವನ್ನೇ ಮಾರ್ಟಿನ್ ಹೋಮ್‌ರನ್ ಬಾರಿಸಿದ. ಅಂದು ಪೈರೇಟ್ಸ್ ಪರ ಎಸೆದು ಗೆಲ್ಲಿಸಿದವನು ಲಿರಿಯಾನೊ. 2013, 2014, 2015, ಮೂರೂ ವರ್ಷ ತಂಡ ಪ್ಲೇಆಫ್ ಆಡಿತು. ಕೊನೆಯ ವರ್ಷ 98 ಪಂದ್ಯ ಗೆದ್ದಿತು. ಸಿಯರೇಜ್ ಕೈಗುಣದ ಬಗ್ಗೆ ಪುಸ್ತಕ, ಪತ್ರಿಕೆಗಳಲ್ಲಿ ಹಾಡಿ ಹೊಗಳಿದರು.

ಆಮೇಲೆ ಬ್ಯಾಟರ್‌ಗಳು ಕಲಿತರು. 2015ರಿಂದ ಎಲ್ಲ ಮೈದಾನಗಳಲ್ಲೂ ಪ್ರತಿ ಚೆಂಡಿನ ವೇಗ, ಕೋನ ಅಳೆಯುವ ಯಂತ್ರಗಳು ಬಂದವು. ಚೆಂಡನ್ನು ನೆಲಕ್ಕೆ ಬಡಿಯುವುದಕ್ಕಿಂತ ಎತ್ತಿ ಹೊಡೆಯುವುದೇ ಲಾಭವೆಂದು ಅಂಕಿ ಹೇಳಿತು. ಕೆಳಗೆ ಬರುವ ಸಿಂಕರ್ ಅವರ ಎತ್ತುವ ಬ್ಯಾಟಿಗೆ ಹೇಳಿ ಮಾಡಿಸಿದ ತುತ್ತು. ಹ್ಯೂಸ್ಟನ್, ಟ್ಯಾಂಪಾ ಬೇ ತಂಡಗಳು ತಕ್ಷಣ ಮಗ್ಗುಲು ಬದಲಿಸಿ, ಫೋರ್‌ಸೀಮರನ್ನು ಮೇಲಕ್ಕೆ ಎಸೆಯಿರಿ, ತಿರುಗುವ ಎಸೆತ ಹೆಚ್ಚಿಸಿ ಎಂದವು. ಪಿಟ್ಸ್‌ಬರ್ಗ್ ಮಾತ್ರ ಬಂದ ರೋಗಿಗೆಲ್ಲ ಅದೇ ಹಳೆಯ ಕಷಾಯ ಕುಡಿಸುತ್ತ ಕೂತಿತು.

ಚಾರ್ಲಿ ಮಾರ್ಟನ್ ಏಳು ವರ್ಷ ಪಿಟ್ಸ್‌ಬರ್ಗ್‌ನಲ್ಲಿ ಸಿಂಕರ್ ಎಸೆದು ಹೆಸರಿಲ್ಲದೆ ಹೋದವನು. 2017ರಲ್ಲಿ ಹ್ಯೂಸ್ಟನ್ ಸೇರಿ, ವೇಗ ಹೆಚ್ಚಿಸಿ, ಬಾಗಿ ಬೀಳುವ ತನ್ನ ಕರ್ವ್‌ಬಾಲನ್ನು ನಂಬಿ ಎಸೆದ. ಆ ವರ್ಷ ಲೀಗ್‌ನ ಅಂತಿಮ ಹಣಾಹಣಿಯಾದ ವಿಶ್ವ ಸರಣಿಯ ಏಳನೇ ಪಂದ್ಯದ ಕೊನೆಯ ನಾಲ್ಕು ಇನಿಂಗ್ಸ್ ಅವನದೇ, ಗೆಲುವೂ ಅವನದೇ. ಗೆರಿಟ್ ಕೋಲ್ 2011ರ ಡ್ರಾಫ್ಟ್‌ನ ಮೊದಲ ಆಯ್ಕೆ. 2017ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಅವನ ಇಆರ್‌ಎ 4.26. 2018ರ ಜನವರಿಯಲ್ಲಿ ಹ್ಯೂಸ್ಟನ್‌ಗೆ ಹೋದ, ಮೊದಲ ವರ್ಷ 2.88, ಎರಡನೇ ವರ್ಷ 2.50 ಮತ್ತು, ಮೂರು ಸ್ಟ್ರೈಕ್‌ಗೆ ಬ್ಯಾಟರ್‌ನನ್ನು ಔಟ್ ಮಾಡುವ ಲೆಕ್ಕದಲ್ಲಿ, 326 ಸ್ಟ್ರೈಕ್‌ಔಟ್. ಬಳಿಕ ಯಾಂಕೀಸ್ ಅವನಿಗೆ ಕೊಟ್ಟದ್ದು 32.4 ಕೋಟಿ ಡಾಲರ್. ಕೋಲ್‌ಗೆ ಬದಲಾಗಿ ಬಂದ ನಾಲ್ವರಲ್ಲಿ ಜೋ ಮಸ್‌ಗ್ರೋವ್ ಒಬ್ಬ. ಅವನನ್ನೂ ಸ್ಯಾನ್ ಡಿಯೇಗೊಗೆ ಕೊಟ್ಟರು. ಅಲ್ಲಿಗೆ ಹೋದ ಮೊದಲ ತಿಂಗಳಲ್ಲೇ, 2021ರ ಏಪ್ರಿಲ್ 9ರಂದು, ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಿದ. ಆ ತಂಡದ ಇತಿಹಾಸದಲ್ಲಿ ಅದೇ ಮೊದಲನೆಯದು.

ಎಲ್ಲಕ್ಕಿಂತ ನೋವಿನದು 2018ರ ಜುಲೈ 31ರ ಅದಲುಬದಲು. ಟ್ಯಾಂಪಾ ಬೇಯ ಕ್ರಿಸ್ ಆರ್ಚರ್‌ಗಾಗಿ ಪೈರೇಟ್ಸ್ ಮೂವರನ್ನು ಬಿಟ್ಟುಕೊಟ್ಟಿತು: ಟೈಲರ್ ಗ್ಲಾಸ್ನೋ, ಆಸ್ಟಿನ್ ಮೆಡೋಸ್ ಮತ್ತು ಕೆಲದಿನಗಳ ಬಳಿಕ ಶೇನ್ ಬಾಜ್. ಗ್ಲಾಸ್ನೋ ಎರಡು ಮೀಟರ್ ಎತ್ತರದ ಆಳು. ಅಷ್ಟು ಎತ್ತರದಿಂದ ಅಷ್ಟು ವೇಗವಾಗಿ ಎಸೆಯುವವನಿಗೆ ಪಿಟ್ಸ್‌ಬರ್ಗ್‌ನಲ್ಲಿ ಕೆಳಗೆ ಎಸೆ, ಅಂಚಿಗೆ ಎಸೆ ಎಂದು ಹೇಳಿ ಹೇಳಿ ಅವನ ಗುರಿಯೇ ತಪ್ಪಿಹೋಗಿತ್ತು. 2017ರ ಇಆರ್‌ಎ 7.69. ಮೇಲಕ್ಕೆ ಜೋರಾಗಿ ಎಸೆ, ಅಂಚಿನ ಚಿಂತೆ ಬಿಡು ಎಂದಿತು ಟ್ಯಾಂಪಾ ಬೇ. 2019ರಲ್ಲಿ ಗಾಯದ ನಡುವೆ ಆಡಿದ 12 ಪಂದ್ಯಗಳಲ್ಲಿ 1.78. ಮೆಡೋಸ್ ಅದೇ ವರ್ಷ 33 ಹೋಮ್‌ರನ್ ಬಾರಿಸಿ, ವರ್ಷದ ತಾರೆಯರ ತಂಡಕ್ಕೆ ಆಯ್ಕೆಯಾಗಿ ಆಲ್‌ಸ್ಟಾರ್ ಆದ. ಇತ್ತ ಆರ್ಚರ್‌ಗೆ ಏನು ಮಾಡಿದರು? ಅವನು ಎಂದೋ ಕೈಬಿಟ್ಟಿದ್ದ ಸಿಂಕರನ್ನು ಮತ್ತೆ ಹಿಡಿಸಿದರು. 2019ರಲ್ಲಿ 5.19. ಮರುವರ್ಷ ಶಸ್ತ್ರಚಿಕಿತ್ಸೆಯಿಂದ ಆಡಲೇ ಇಲ್ಲ. ಕೊನೆಗೆ ಕರಾರು ಮುಂದುವರಿಸದೆ ಬಿಟ್ಟರು. ಅವನು 2021ರಲ್ಲಿ ವಾಪಸು ಟ್ಯಾಂಪಾ ಬೇಗೇ ಹೋದ. 2019ರ ಋತುವಿನ ಕೊನೆಗೆ ಸಿಯರೇಜ್, ಮ್ಯಾನೇಜರ್ ಕ್ಲಿಂಟ್ ಹರ್ಡಲ್, ಜನರಲ್ ಮ್ಯಾನೇಜರ್ ನೀಲ್ ಹಂಟಿಂಗ್ಟನ್ ಮೂವರೂ ಮನೆಗೆ ನಡೆದರು.

ಹಾಗಾದರೆ ತಪ್ಪು ಸಿಂಕರ್‌ದೇ? ಇಲ್ಲಿ ಕ್ಲೇ ಹೋಮ್ಸ್‌ ನೆನಪಾಗಬೇಕು. ಪಿಟ್ಸ್‌ಬರ್ಗ್‌ನಲ್ಲಿ 4.93 ಇಆರ್‌ಎ ಇದ್ದ ಈ ಪಿಚರ್‌ನನ್ನು 2021ರ ಜುಲೈನಲ್ಲಿ ಯಾಂಕೀಸ್ ಕರೆದೊಯ್ದು, ನಿನ್ನ ಸಿಂಕರ್ ಚೆನ್ನಾಗಿದೆ, ಅದನ್ನೇ ಇನ್ನೂ ಹೆಚ್ಚು ಎಸೆ ಎಂದಿತು. ಮರುವರ್ಷ ಆಲ್‌ಸ್ಟಾರ್. ತಂಡ ಎದುರಿಗಿರುವ ಕೈಯನ್ನು ನೋಡಬೇಕೇ ಹೊರತು ತನ್ನ ಸಿದ್ಧಾಂತವನ್ನಲ್ಲ. ಸಿಯರೇಜ್ ಮೊದಮೊದಲು ಮಾಡಿದ್ದೂ ಅದನ್ನೇ ಎಂದು ನನಗನ್ನಿಸುತ್ತದೆ. ಲಿರಿಯಾನೊನಂಥವರ ಕೈಗೆ ಆ ಪಾಠ ಒಗ್ಗಿತು. ಗೆದ್ದ ಮೇಲೆ ಪಾಠವೇ ಗುರುವಾಗಿ ಕೂತಿತು.

ಗೆದ್ದ ತಂಡಗಳನ್ನು ತಲೆಮೇಲೆ ಹೊರುವ ಮುನ್ನವೂ ನಿಧಾನಿಸಬೇಕು. ಹ್ಯೂಸ್ಟನ್‌ನ ಬ್ಯಾಟಿಂಗ್ ಸಾಧನೆಯ ಹಿಂದೆ ಎದುರಾಳಿ ಕ್ಯಾಚರ್‌ನ ಸನ್ನೆಗಳನ್ನು ಕ್ಯಾಮೆರಾದಲ್ಲಿ ಕದಿಯುವ ದಂಧೆ ಇತ್ತೆಂದು ಬಯಲಾಗಿ, 2020ರ ಜನವರಿಯಲ್ಲಿ ತಂಡಕ್ಕೆ 50 ಲಕ್ಷ ಡಾಲರ್ ದಂಡ ಬಿತ್ತು. ಚೆಂಡಿಗೆ ಅಂಟು ಹಚ್ಚಿ ತಿರುಗು ಹೆಚ್ಚಿಸುವುದು ಇಡೀ ಲೀಗ್‌ನಲ್ಲಿ ಎಷ್ಟು ಹಬ್ಬಿತ್ತೆಂದರೆ 2021ರ ಜೂನ್‌ನಲ್ಲಿ ಅಂಪೈರ್‌ಗಳು ಪಿಚರ್‌ಗಳ ಟೋಪಿ, ಬೆಲ್ಟ್ ತಡಕಲು ಶುರುಮಾಡಬೇಕಾಯಿತು. ಇದೇ ಹ್ಯೂಸ್ಟನ್ 2014ರಲ್ಲಿ, ಚಳಿಗಾಲವಿಡೀ ಖಾಸಗಿ ಗುರುಗಳ ಬಳಿ ಬ್ಯಾಟಿಂಗ್ ಶೈಲಿ ಬದಲಿಸಿಕೊಂಡು ಬಂದ ಜೆ.ಡಿ. ಮಾರ್ಟಿನೆಜ್‌ನನ್ನು ಸರಿಯಾಗಿ ನೋಡದೆಯೇ ಬಿಟ್ಟುಕೊಟ್ಟಿತು. 2017ರಲ್ಲಿ ಅವನು ಬಾರಿಸಿದ್ದು 45 ಹೋಮ್‌ರನ್.

ತಂಡಗಳು ತಮ್ಮಲ್ಲಿಗೆ ಬಂದು ಸುಧಾರಿಸಿದವರ ಪಟ್ಟಿಯನ್ನು ಜಂಬದಿಂದ ತೋರಿಸುತ್ತವೆ. ಹೋದ ಮೇಲೆ ಸುಧಾರಿಸಿದವರ ಪಟ್ಟಿಯನ್ನೂ ಅದರ ಪಕ್ಕ ಇಡಬೇಕು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ನಂಬಲರ್ಹ. ಬಂದವನು ಸುಧಾರಿಸಿದರೆ ಅದೃಷ್ಟವೋ, ವಯಸ್ಸೋ, ಕಲಿಕೆಯೋ ಹೇಳುವುದು ಕಷ್ಟ. ಒಂದೇ ಮನೆಯಿಂದ ಹೊರಟವರು ನಾಲ್ಕು ಬೇರೆ ಬೇರೆ ಮನೆಗಳಲ್ಲಿ ಚಿಗುರಿದರೆ ಕಾರಣವನ್ನು ಹೊರಟ ಮನೆಯಲ್ಲೇ ಹುಡುಕಬೇಕು.

ಪಿಟ್ಸ್‌ಬರ್ಗ್ ಈಗ ಒಂದು ಪಾಲು ಕಲಿತಿದೆ. 2023ರ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಬಂದ ಪಾಲ್ ಸ್ಕೀನ್ಸ್‌ನ ಕೈಯನ್ನು ಯಾರೂ ಕೆಡಿಸಲಿಲ್ಲ. ಸಿಂಕರ್ ಮತ್ತು ಸ್ಪ್ಲಿಟರ್ (ಕೊನೆಗಳಿಗೆಯಲ್ಲಿ ಕೆಳಕ್ಕೆ ಜಾರುವ ಎಸೆತ) ನಡುವಿನ ಹೊಸದೊಂದು ಎಸೆತವನ್ನು ಅವನು ವೃತ್ತಿಗೆ ಬಂದ ಮೇಲೆ ರೂಢಿಸಿಕೊಂಡ. 2024ರಲ್ಲಿ ವರ್ಷದ ಹೊಸ ಆಟಗಾರ ಪ್ರಶಸ್ತಿ ಪಡೆದ. 2025ರಲ್ಲಿ 1.97 ಇಆರ್‌ಎಯೊಂದಿಗೆ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿಯನ್ನು ಸರ್ವಾನುಮತದಿಂದ ಗೆದ್ದ. ಬ್ಯಾಟರ್‌ಗಳನ್ನು ಬೆಳೆಸುವುದು ಮಾತ್ರ ಬೌಟಿಸ್ಟಾ ಹೋದಂದಿನಷ್ಟೇ ದುರ್ಬಲವಾಗಿದೆ. ಅಷ್ಟು ಚೆನ್ನಾಗಿ ಎಸೆದ ಸ್ಕೀನ್ಸ್‌ನ ಆ ವರ್ಷದ ಲೆಕ್ಕ 10 ಗೆಲುವು, 10 ಸೋಲು. ತಂಡದ ಲೆಕ್ಕ 71 ಗೆಲುವು, 91 ಸೋಲು.