ಕುದುರೆ ಬಂದ ದಾರಿ

ಹಂಪಿಯ ಹಜಾರರಾಮ ದೇವಾಲಯದ ಪ್ರಾಕಾರದ ಹೊರಮೈಯಲ್ಲಿ, ತಳದ ಆನೆಗಳ ಪಂಕ್ತಿಗೆ ಮೇಲಾಗಿ, ಕಡಿವಾಣ ಹಿಡಿದ ಆಳುಗಳ ಹಿಂದೆ ಕುದುರೆಗಳ ಸಾಲೊಂದು ಗೋಡೆಯುದ್ದಕ್ಕೂ ನಡೆದಿದೆ. ಯಾತ್ರಿಕರು ಇದನ್ನು ನೋಡಿಯೂ ನೋಡದವರಂತೆ ರಾಮಾಯಣದ ಶಿಲ್ಪಗಳಿಗಾಗಿ ಒಳಗೆ ಧಾವಿಸುವುದೇ ಹೆಚ್ಚು. ಆದರೆ ಆ ಕುದುರೆಗಳು ಈ ನೆಲದ ಸಂತತಿಯಲ್ಲವೆಂಬುದನ್ನೂ, ಅವುಗಳಲ್ಲಿ ಬಹುಪಾಲು ಪಾರಸೀಕ ಕೊಲ್ಲಿಯ ಬಾಯಲ್ಲಿರುವ ಹಾರ್ಮುಜ್ ಪಟ್ಟಣದಿಂದ ಹಡಗೇರಿ, ಗೋವೆಯಲ್ಲೋ ಭಟ್ಕಳದಲ್ಲೋ ಇಳಿದು, ಘಟ್ಟ ಹತ್ತಿ ಬಂದವೆಂಬುದನ್ನೂ ನೆನೆದಾಗ, ಆ ಮೂಕ ಸಾಲು ಇಂದಿನ ವೃತ್ತಪತ್ರಿಕೆಯ ಮುಖಪುಟಕ್ಕೆ ಬಹಳ ಸಮೀಪದ್ದೆನಿಸುತ್ತದೆ. ವಿಜಯನಗರದ ಅರಸ ಸಾಳುವ ನರಸಿಂಹನು ಕುದುರೆಗಳನ್ನು ಸಾವಿರ ಪರ್ದಾವು ನಾಣ್ಯಗಳಿಗೆ ಮೂರರಂತೆ ಕೊಳ್ಳುತ್ತಿದ್ದನೆಂದೂ, ಕಡಲಲ್ಲಿ ಸತ್ತವುಗಳ ಬಾಲವನ್ನು ಮಾತ್ರ ತಂದು ತೋರಿಸಿದರೂ ಬದುಕಿದ್ದವುಗಳ ಬೆಲೆಯನ್ನೇ ತೆರುತ್ತಿದ್ದನೆಂದೂ ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ. ವಿಮೆಯೆಂಬ ಹೆಸರು ಈ ಕಡೆ ಹುಟ್ಟುವ ಮುನ್ನವೇ ಅದರ ಪರಿಹಾರವನ್ನು ತೆತ್ತವನು ನಮ್ಮ ಅರಸು! 1510ರಲ್ಲಿ ಗೋವೆಯೂ 1515ರಲ್ಲಿ ಹಾರ್ಮುಜ್ ಕೂಡ ಪೋರ್ಚುಗೀಸರ ಕೈಸೇರಿದ ಮೇಲೆ, ಕುದುರೆ ಯಾರಿಗೆ ಸಲ್ಲಬೇಕೆಂಬುದನ್ನು ನಿರ್ಣಯಿಸುವ ಅಧಿಕಾರವೂ ಬಹುಮಟ್ಟಿಗೆ ಅವರದಾಯಿತು.

ಅಂದಿನ ಕುದುರೆಯ ಸ್ಥಾನದಲ್ಲಿ ಇಂದು ಎಣ್ಣೆಯೂ ಅನಿಲವೂ ನಿಂತಿವೆ. ದಾರಿ ಮಾತ್ರ ಅದೇ. ಜಗತ್ತು ದಿನವೊಂದಕ್ಕೆ ಬಳಸುವ ತೈಲದಲ್ಲಿ ಸುಮಾರು ಐದನೆಯ ಒಂದು ಭಾಗ, ಎಂದರೆ ಎರಡು ಕೋಟಿ ಬ್ಯಾರೆಲ್ಲುಗಳಷ್ಟು, 2024ರಲ್ಲಿ ಹಾರ್ಮುಜ್ ಜಲಸಂಧಿಯನ್ನು ಹಾದುಹೋಗುತ್ತಿದ್ದಿತು. ಭಾರತದ ಅಡುಗೆಮನೆಗಳು ಉರಿಸುವ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದಿಂದ ಬರತಕ್ಕದ್ದು. ಅದರಲ್ಲಿಯೂ ಬಹುಪಾಲು ಆ ಕೊಲ್ಲಿಯದೇ. ಹೊಸಪೇಟೆಯಲ್ಲಿ ಸಂಜೆ ಬಾಣಲೆಗೆ ಮಿರ್ಚಿ ಬಿಡುವ, ಒಗ್ಗರಣೆ ಮಂಡಕ್ಕಿಯನ್ನು ಕಾಗದದಲ್ಲಿ ಸುತ್ತಿ ಕೊಡುವ ಬಂಡಿಯವನ ಕಾಲ ಬಳಿ ಇರುವ ಸಿಲಿಂಡರಿನ ದರವೂ ಆ ಇಕ್ಕಟ್ಟಾದ ನೀರಿನ ಹದವನ್ನು ಅನುಸರಿಸುವುದು. 1973ರ ಅರಬ್ಬರ ತೈಲನಿರ್ಬಂಧದಲ್ಲಿ ಬ್ಯಾರೆಲ್ಲಿಗೆ ಮೂರು ಡಾಲರಿನಷ್ಟಿದ್ದ ಬೆಲೆ ಕೆಲವೇ ತಿಂಗಳುಗಳಲ್ಲಿ ಹನ್ನೆರಡರ ಹತ್ತಿರಕ್ಕೆ ಏರಿದಾಗ ಲೋಕಕ್ಕೆ ಈ ಪಾಠ ಮೊದಲ ಬಾರಿಗೆ ತಿಳಿದಿತ್ತು.

ಕಂಪ್ಲಿಯ ಭತ್ತದ ಗದ್ದೆಗೆ ಈ ಸಂಬಂಧ ಇನ್ನೂ ಸೂಕ್ಷ್ಮವಾದುದು. ಅಲ್ಲಿಯ ರೈತನಿಗೆ 45 ಕಿಲೋ ಯೂರಿಯಾದ ಚೀಲ 266 ರೂಪಾಯಿ 50 ಪೈಸೆಗೆ ದೊರೆಯುತ್ತದೆಯಾದರೂ, ಆ ಬಿಳಿಯ ಹರಳುಗಳು ನೈಸರ್ಗಿಕ ಅನಿಲದ ರೂಪಾಂತರವೇ ಆಗಿರುವುದರಿಂದ, ಮತ್ತು ನಾವು ಬಳಸುವ ಅನಿಲದಲ್ಲಿ ಸುಮಾರು ಅರ್ಧ ಹಡಗಿನಲ್ಲಿ ಬರುವುದರಿಂದ, ಕತಾರಿನ ಬಂದರಿನಲ್ಲಾದ ತಡೆಯ ಹೊರೆಯನ್ನು ರೈತನ ಪರವಾಗಿ ಸರಕಾರದ ಬೊಕ್ಕಸ ಹೊರುತ್ತದೆ. ಇನ್ನು ಆ ಗದ್ದೆಯಂಚಿನ ಪಂಪ್‌ಸೆಟ್ಟು: ‘ಐದು ಎಚ್‌ಪಿ ಮೋಟ್ರು’ ಎಂದು ಅವನು ಹೇಳುವಾಗ, ಹಬೆಯಂತ್ರದ ಬಲವನ್ನು ಕುದುರೆಯ ಬಲದಿಂದ ಅಳೆದ ಜೇಮ್ಸ್ ವಾಟನ ಲೆಕ್ಕವನ್ನೇ ಉಚ್ಚರಿಸುತ್ತಿರುತ್ತಾನೆ. ಒಂದು ಅಶ್ವಶಕ್ತಿಯೆಂದರೆ 746 ವಾಟ್. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ಈ ರಾಜ್ಯದಲ್ಲಿ ವಿದ್ಯುತ್ತು ಉಚಿತ. ಆದರೆ ಅದು ಬರುವ ವೇಳೆ ಬಹುಕಾಲ ರೈತನ ವಶದಲ್ಲಿರಲಿಲ್ಲ. ಮೂರು ಫೇಸಿನ ಕರೆಂಟಿಗಾಗಿ ನಡುರಾತ್ರಿ ಟಾರ್ಚು ಹಿಡಿದು, ಹಾವು ಚೇಳುಗಳಿಗೆ ಅಂಜುತ್ತ ಬದುವಿನ ಮೇಲೆ ನಡೆದವರು ಇಲ್ಲಿ ಮನೆಗೊಬ್ಬರಿದ್ದಾರೆ. ಪಾವಗಡದ 2,050 ಮೆಗಾವಾಟಿನಂಥ ಸೌರವಿದ್ಯುತ್ ಕ್ಷೇತ್ರಗಳು ತಲೆಯೆತ್ತಿದ ಮೇಲೆ, ಹಗಲಿನ ವಿದ್ಯುತ್ತೇ ಅಗ್ಗವಾಗಿ, ಪಂಪುಗಳನ್ನು ಬಿಸಿಲಿನ ವೇಳೆಗೆ ತರುವ ಯತ್ನ ಸಾಗಿದೆ. ನಾನು ಕಂಡಂತೆ ಈ ಹೊಸ ಯುಗದ ಅತಿ ದೊಡ್ಡ ಉಪಕಾರ ಇದೇ: ನಿದ್ದೆ.

ಆದರೆ ಬಿಸಿಲು ನಮ್ಮದಾದರೂ ಫಲಕ ನಮ್ಮದಾಗಲಿಲ್ಲ. ಸೌರಫಲಕಗಳ ತಯಾರಿಕೆಯ ಪ್ರತಿಯೊಂದು ಹಂತದಲ್ಲಿಯೂ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಚೀನದ ಹಿಡಿತದಲ್ಲಿದೆ. ಸಂಜೆ ಸೂರ್ಯ ಮುಳುಗಿದೊಡನೆ ಬೇಡಿಕೆ ಏರುವುದರಿಂದ ಹಗಲಿನ ವಿದ್ಯುತ್ತನ್ನು ಕೂಡಿಡುವ ಬ್ಯಾಟರಿ ಬೇಕಾಗುತ್ತದೆ. 2010ರಲ್ಲಿ ಯೂನಿಟ್ಟೊಂದನ್ನು ಹಿಡಿದಿಡುವ ಲಿಥಿಯಂ ಬ್ಯಾಟರಿಗೆ ಸಾವಿರ ಡಾಲರಿಗೂ ಮಿಕ್ಕಿದ್ದ ಬೆಲೆ 2024ರ ವೇಳೆಗೆ ನೂರಹದಿನೈದರ ಸುಮಾರಿಗೆ ಇಳಿದಿದೆ. ಹೊಸಪೇಟೆಯ ಪಕ್ಕದಲ್ಲೇ ತುಂಗಭದ್ರಾ ಜಲಾಶಯವಿರುವಾಗ ಬ್ಯಾಟರಿಯ ಗೊಡವೆ ಏಕೆಂದು ಕೇಳುವವರಿಗೆ ಹೇಳಬೇಕಾದ ಮಾತೊಂದಿದೆ: ಅಣೆಕಟ್ಟೆಯ ಬುಡದಲ್ಲಿಯೂ ಹಂಪಿಯ ಪವರ್ ಹೌಸಿನಲ್ಲಿಯೂ ಸೇರಿ ಬಲದಂಡೆಯಲ್ಲಿ 72 ಮೆಗಾವಾಟಿನ ಸಾಮರ್ಥ್ಯವಿದ್ದರೂ, ಅಲ್ಲಿಯ ಚಕ್ರಗಳು ತಿರುಗುವುದು ಕಾಲುವೆಗೆ ನೀರು ಬಿಟ್ಟಾಗ, ಮತ್ತು ನೀರು ಬಿಡುವುದು ಬೆಳೆಯ ಕರೆಗೆ, ದೀಪದ ಕರೆಗಲ್ಲ.

ಬ್ಯಾಟರಿಯ ಮಾತು ಬಂದಾಗ ಸಂಡೂರನ್ನು ಬಿಡಲಾಗದು. ಅಲ್ಲಿಯ ಗುಡ್ಡಗಳಲ್ಲಿ ಕಬ್ಬಿಣದ ಅದಿರಿನ ಜೊತೆಗೆ ಮ್ಯಾಂಗನೀಸ್ ಇದೆ. ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಅದನ್ನು ಅಗೆದು ಪರದೇಶಗಳಿಗೆ ಕಳುಹಿಸಿದ್ದುಂಟು. ಲಿಥಿಯಂ ಬ್ಯಾಟರಿಗಳ ಹಲವು ಬಗೆಗಳಿಗೆ ಈಗ ಮ್ಯಾಂಗನೀಸ್ ಬೇಕು. ಆದರೆ ಅದಿರು ಬೇರೆ, ಬ್ಯಾಟರಿಗೆ ತಕ್ಕ ಶುದ್ಧ ಮ್ಯಾಂಗನೀಸ್ ಸಲ್ಫೇಟ್ ಬೇರೆ. ಜಗತ್ತಿನಲ್ಲಿ ಅದನ್ನು ಶುದ್ಧಿಗೊಳಿಸುವ ಕೆಲಸದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಕ್ಕಿ ನಡೆಯುವುದು ಚೀನದಲ್ಲಿ. ಗುಡ್ಡ ನಮ್ಮಲ್ಲಿದ್ದು ವಿದ್ಯೆ ಅನ್ಯರಲ್ಲಿರುವುದು ನನಗಂತೂ ಎಣ್ಣೆಯಿಲ್ಲದಿರುವುದಕ್ಕಿಂತ ಹೆಚ್ಚಿನ ಬಡತನವಾಗಿ ತೋರುತ್ತದೆ. ಉಕ್ಕಿಗೆ ಬೆರೆಸುವ ಸಿಲಿಕೊಮ್ಯಾಂಗನೀಸನ್ನು ಕುಲುಮೆಯಲ್ಲಿ ಕರಗಿಸುವುದಾದರೂ ಸುಲಭವಲ್ಲ: ಟನ್ನಿಗೆ ಸುಮಾರು 4,000 ಯೂನಿಟ್ ವಿದ್ಯುತ್ತು ಹಿಡಿಯುವುದರಿಂದ, ಕರೆಂಟಿನ ದರ ಏರಿದಾಗ ಅದಿರು ಎಷ್ಟು ಒಳ್ಳೆಯದಿದ್ದರೂ ಲೆಕ್ಕ ಕೂಡದು.

ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯಲ್ಲಿ ಈ ಕಥೆಯೆಲ್ಲವೂ ಒಂದೆಡೆ ಕೂಡಿಕೊಂಡಿದೆ. ಅದಿರು ಸಂಡೂರಿನದು, ಕೆಲಸದವರು ಸುತ್ತಣ ಊರುಗಳವರು. ಕೋಕಿಂಗ್ ಕಲ್ಲಿದ್ದಲು ಮಾತ್ರ ಬಹುಪಾಲು ಆಸ್ಟ್ರೇಲಿಯಾದಿಂದ. ಕ್ವೀನ್ಸ್‌ಲೆಂಡಿನಲ್ಲಿ ನೆರೆ ಬಂದರೆ ಇಲ್ಲಿಯ ಕುಲುಮೆಗೆ ಬಿಸಿ ತಟ್ಟುವುದು. 2022ರ ಮಾರ್ಚಿನಲ್ಲಿ, ಉಕ್ರೇನಿನ ಯುದ್ಧ ಹೊತ್ತಿಕೊಂಡ ಮರುತಿಂಗಳೇ, ಈ ಕಲ್ಲಿದ್ದಲು ಟನ್ನಿಗೆ ಆರುನೂರು ಡಾಲರನ್ನು ದಾಟಿದ್ದಿತು. ಇದರ ಹಂಗನ್ನು ತಗ್ಗಿಸುವ ಆಸೆಯಿಂದಲೇ ತೋರಣಗಲ್ಲಿನಲ್ಲಿ 1999ರಲ್ಲಿ ಕೋರೆಕ್ಸ್ ಎಂಬ, ಸಾಮಾನ್ಯ ಕಲ್ಲಿದ್ದಲಿನಿಂದಲೂ ಕಬ್ಬಿಣ ಕರಗಿಸುವ ಅಂದಿನ ನವೀನ ವಿಧಾನವನ್ನು ಅಳವಡಿಸಲಾಯಿತು. ಉತ್ಪಾದನೆ ಬೆಳೆದಂತೆಲ್ಲ ಹಳೆಯ ಬಗೆಯ ಊದುಕುಲುಮೆಗಳೇ ಮೇಲುಗೈ ಪಡೆದವು. ಈಗ ಸರದಿ ಹಸಿರು ಜಲಜನಕದ್ದು. ಗಾಳಿ ಬಿಸಿಲುಗಳ ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆದ ಜಲಜನಕವು ಅದಿರಿನ ಆಮ್ಲಜನಕವನ್ನು ಸೆಳೆದುಕೊಂಡಾಗ ಹೊಗೆಯ ಬದಲು ಹಬೆಯೇಳುತ್ತದೆ. ಅಲ್ಲಿಗಾಗಿ ಒಪ್ಪಿಕೊಂಡಿರುವ ಪ್ರಮಾಣ ವರ್ಷಕ್ಕೆ 3,800 ಟನ್. ಒಂದು ಟನ್ ಉಕ್ಕಿಗೆ ಐವತ್ತೈದು ಕಿಲೋ ಜಲಜನಕ ಬೇಕೆಂದು ಹಿಡಿದರೆ ಇದು ಸುಮಾರು ಎಪ್ಪತ್ತು ಸಾವಿರ ಟನ್ನಿಗೆ ಸಾಕಾದೀತು. ಕಾರ್ಖಾನೆಯ ಸಾಮರ್ಥ್ಯವೋ ಕೋಟಿ ಟನ್ನನ್ನು ಎಂದೋ ಮೀರಿದೆ. ಉಳಿದ ಉಕ್ಕಿಗೆ ಬೇಕಾದ ಕಲ್ಲಿದ್ದಲು ಇಂದಿಗೂ ಹಡಗಿನಲ್ಲಿ ಬಂದು, ಬಂದರಿನಲ್ಲಿ ಇಳಿದು, ರೈಲೇರಿ ತೋರಣಗಲ್ಲನ್ನು ತಲಪುತ್ತಿದೆ.