ಮುಟ್ಟದೆ ಆಡಿಸುವುದು ಹೇಗೆ? ಕೋವಿಡ್ ಕಾಲದಲ್ಲಿ ಅಮೆರಿಕದ ಹೈಸ್ಕೂಲ್ ಫುಟ್‌ಬಾಲ್ ತರಬೇತುದಾರರು

ಕೋವಿಡ್ ಸಾಂಕ್ರಾಮಿಕದಿಂದ ಶಾಲಾ ಮಕ್ಕಳ ಪಾಠಕ್ಕೆ ಆದ ನಷ್ಟದ ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಆಟದ ಮೈದಾನಕ್ಕೆ ಆದದ್ದರ ಕುರಿತು ಮಾತು ಕಡಿಮೆ. ಅಮೆರಿಕದಲ್ಲಿ 2020ರ ಬೇಸಿಗೆಯಿಂದ 2021ರ ವಸಂತದವರೆಗೆ ಹೈಸ್ಕೂಲ್ ಫುಟ್‌ಬಾಲ್ ತರಬೇತುದಾರರು ಎದುರಿಸಿದ ಪರಿಸ್ಥಿತಿಯನ್ನು ಇಲ್ಲಿ ಓದುಗರಿಗೆ ಪರಿಚಯಿಸಲು ಬಯಸುತ್ತೇವೆ. ಒಬ್ಬರನ್ನೊಬ್ಬರು ಮುಟ್ಟಬಾರದು ಎಂಬ ಕಾಲದಲ್ಲಿ, ಮುಟ್ಟದೆ ಆಡಲಾಗದ ಆಟವೊಂದನ್ನು ಅವರು ಕಲಿಸಬೇಕಾಗಿತ್ತು. ಯುವಜನರನ್ನು ಒಟ್ಟುಗೂಡಿಸುವ ಕೆಲಸದಲ್ಲಿ ತೊಡಗಿರುವ ನಮ್ಮ ಓದುಗರಿಗೆ, ಅವರು ಧರ್ಮೋಪದೇಶ ತರಗತಿ ನಡೆಸುವವರಿರಲಿ, ಗಾಯನ ಮಂಡಳಿಯವರಿರಲಿ, ಇದು ದೂರದ ಊರಿನ ಸುದ್ದಿ ಎನಿಸಲಾರದು.

ಮೊದಲು ಒಂದು ಸ್ಪಷ್ಟನೆ. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಾಟವನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಮೈಮೇಲೆ ಬಿದ್ದು ಕೆಡವುವ ಆಟವದು. ಕಬಡ್ಡಿಯಲ್ಲಿ ರೈಡರನ್ನು ಹಿಡಿದು ಉರುಳಿಸುವಂತೆ ಇಲ್ಲಿ ಚೆಂಡು ಹಿಡಿದವನನ್ನು ಉರುಳಿಸಬೇಕು. ತಲೆಗೆ ಹೆಲ್ಮೆಟ್, ಭುಜಕ್ಕೆ ಪ್ಯಾಡ್. ಅಲ್ಲಿನ ಹೈಸ್ಕೂಲ್ ಎಂದರೆ 9ರಿಂದ 12ನೇ ತರಗತಿ, ನಮ್ಮ ಲೆಕ್ಕದಲ್ಲಿ ಪಿಯುಸಿಯೂ ಸೇರಿದಂತೆ. 2018-19ರ ಸಾಲಿನಲ್ಲಿ 10 ಲಕ್ಷಕ್ಕೂ ಹೆಚ್ಚು ಹುಡುಗರು ಹನ್ನೊಂದು ಮಂದಿಯ ತಂಡಗಳಲ್ಲಿ ಈ ಆಟ ಆಡುತ್ತಿದ್ದರು. ಶುಕ್ರವಾರ ರಾತ್ರಿ ಶಾಲೆಯ ಪಂದ್ಯವೆಂದರೆ ಸಣ್ಣ ಪಟ್ಟಣಗಳಲ್ಲಿ ಊರಿಗೆ ಊರೇ ಮೈದಾನದಲ್ಲಿರುತ್ತದೆ. ನಮ್ಮಲ್ಲಿ ವಾರ್ಷಿಕ ಹಬ್ಬದ ಸಂಜೆ ಚರ್ಚ್ ಅಂಗಳದಲ್ಲಿ ಸೇರುವ ಜನವನ್ನು ನೆನಪಿಸಿಕೊಂಡರೆ ಸಾಕು.

ಈ ತಂಡಗಳನ್ನು ಪಳಗಿಸುವವರಲ್ಲಿ ಹೆಚ್ಚಿನವರು ಅದೇ ಶಾಲೆಯ ಶಿಕ್ಷಕರು. ಹಗಲು ಇತಿಹಾಸವನ್ನೋ ಗಣಿತವನ್ನೋ ಕಲಿಸಿ, ಸಂಜೆ ಸಣ್ಣ ಗೌರವಧನಕ್ಕೆ ಮೈದಾನಕ್ಕಿಳಿಯುವವರು. ಆದ್ದರಿಂದ 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಅವರಿಗೆ ಎರಡು ಹೊರೆ ಒಟ್ಟಿಗೆ ಬಿತ್ತು. ತಮ್ಮ ತರಗತಿಯನ್ನು ಕಂಪ್ಯೂಟರ್ ಪರದೆಗೆ ತರಬೇಕು, ಚದುರಿಹೋದ ಎಪ್ಪತ್ತು ಎಂಬತ್ತು ಹುಡುಗರ ತಂಡವನ್ನೂ ಕೈಬಿಡಬಾರದು. ತೂಕ ಎತ್ತುವ ಕೊಠಡಿಗೆ ಬೀಗ ಬಿದ್ದಿತ್ತು. ಮನೆಯ ಹಿತ್ತಿಲಲ್ಲಿ ಪುಸ್ತಕ ತುಂಬಿದ ಬ್ಯಾಗ್ ಎತ್ತಿ ವ್ಯಾಯಾಮ ಮಾಡಲು ಹೇಳಿದವರಿದ್ದರು. ಝೂಮ್‌ನಲ್ಲಿ ಹಳೆಯ ಪಂದ್ಯಗಳ ವಿಡಿಯೋ ತೋರಿಸಿ ಪಾಠ ಮಾಡಿದವರೂ ಇದ್ದರು. ಇಂಟರ್‌ನೆಟ್ ಇಲ್ಲದ ಮನೆಯ ಹುಡುಗ ಇಲ್ಲೂ ಹಿಂದೆ ಉಳಿದ. ಆ ಕಷ್ಟ ನಮ್ಮ ಕರಾವಳಿಯ ಗುಡ್ಡದ ಮೇಲೆ ನೆಟ್‌ವರ್ಕ್ ಹುಡುಕಿ ಹೋದ ಮಕ್ಕಳಿಗೂ ತಿಳಿದದ್ದೇ.

ಹೈಸ್ಕೂಲ್ ಕ್ರೀಡೆಗಳಿಗೆ ನಿಯಮ ರೂಪಿಸುವ ಎನ್‌ಎಫ್‌ಎಚ್‌ಎಸ್ ಎಂಬ ರಾಷ್ಟ್ರೀಯ ಒಕ್ಕೂಟ 2020ರ ಮೇ ತಿಂಗಳಲ್ಲಿ ಮಾರ್ಗಸೂಚಿ ಹೊರಡಿಸಿತು. ಫುಟ್‌ಬಾಲ್ ಮತ್ತು ಕುಸ್ತಿ ಅತ್ಯಂತ ಅಪಾಯದ ವರ್ಗಕ್ಕೆ ಸೇರಿದವು. ಅಭ್ಯಾಸ ಮೂರು ಹಂತಗಳಲ್ಲಿ ಆರಂಭವಾಗಬೇಕಿತ್ತು. ಮೊದಲ ಹಂತದಲ್ಲಿ ಹತ್ತಕ್ಕಿಂತ ಹೆಚ್ಚು ಮಂದಿ ಒಂದೆಡೆ ಸೇರುವಂತಿಲ್ಲ, ಆರು ಅಡಿ ಅಂತರ ಇರಬೇಕು, ನೀರಿನ ಬಾಟಲಿ ಅವರವರದೇ ಆಗಿರಬೇಕು. ಒಬ್ಬ ಹಿಡಿದ ಚೆಂಡನ್ನು ಇನ್ನೊಬ್ಬನಿಗೆ ಎಸೆಯುವಂತೆಯೂ ಇಲ್ಲ! ಚೆಂಡಾಟದ ಅಭ್ಯಾಸದಲ್ಲಿ ಚೆಂಡೇ ಕೈಯಿಂದ ಕೈಗೆ ಹೋಗಬಾರದು ಎಂದರೆ ಉಳಿಯುವುದೇನು? ಓಟ, ದಂಡ, ಬಸ್ಕಿ. ಬಂದವರ ಜ್ವರ ನೋಡಿ, ಕೆಮ್ಮು ಉಂಟೇ ಎಂದು ಕೇಳಿ, ದಿನವೂ ದಾಖಲೆ ಬರೆಯುವುದು ತರಬೇತುದಾರರ ಮೊದಲ ಕೆಲಸವಾಯಿತು.

ಲಾಕರ್ ರೂಮ್ ಮುಚ್ಚಿದ್ದು ಹೊರಗಿನವರಿಗೆ ಸಣ್ಣ ವಿಷಯವಾಗಿ ಕಂಡೀತು. ಯಕ್ಷಗಾನಕ್ಕೆ ಚೌಕಿ ಹೇಗೋ ಈ ಆಟಕ್ಕೆ ಲಾಕರ್ ರೂಮ್ ಹಾಗೆ. ವೇಷ ಕಟ್ಟಿಕೊಳ್ಳುವುದು ಮಾತ್ರ ಅಲ್ಲಿ ನಡೆಯುವುದಲ್ಲ. ಹಿರಿಯರು ಕಿರಿಯರನ್ನು ಗದರುವುದು, ಸೋತವನ ಹೆಗಲ ಮೇಲೆ ಕೈ ಹಾಕುವುದು, ತಂಡವೊಂದು ತಂಡವಾಗುವುದು ಅಲ್ಲೇ. ಅನೇಕ ಕಡೆ ಹುಡುಗರು ಮನೆಯಿಂದಲೇ ಸಿದ್ಧರಾಗಿ ಬಂದು ಬೆವರಿದ ಬಟ್ಟೆಯಲ್ಲೇ ಮರಳಬೇಕಾಯಿತು. ಪಂದ್ಯದ ಹಿಂದಿನ ರಾತ್ರಿಯ ಸಹಭೋಜನ ನಿಂತಿತು. ಕಥೋಲಿಕ ಶಾಲೆಗಳಲ್ಲಿ ಪಂದ್ಯಕ್ಕೆ ಮುನ್ನ ಇಡೀ ತಂಡ ಬಲಿಪೂಜೆಯಲ್ಲಿ ಪಾಲ್ಗೊಳ್ಳುವ ವಾಡಿಕೆ ಹಲವೆಡೆ ಇದೆ. ಅದಕ್ಕೂ ಅಂತರದ ನಿಯಮ ಅಡ್ಡಬಂತು.

ಪಂದ್ಯದ ನಿಯಮಗಳಲ್ಲೂ ಬದಲಾವಣೆಗೆ ಅವಕಾಶ ನೀಡಲಾಯಿತು. ಆಟಗಾರರು ಅಂಗಣದ ಬದಿಯಲ್ಲಿ ನಿಲ್ಲುವ ಜಾಗವನ್ನು 50 ಗಜದಿಂದ 80 ಗಜಕ್ಕೆ ವಿಸ್ತರಿಸಬಹುದಿತ್ತು. ನಾಣ್ಯ ಚಿಮ್ಮುವಾಗ ಪ್ರತಿ ತಂಡದಿಂದ ಒಬ್ಬನೇ ಪ್ರತಿನಿಧಿ. ಒಂದು ನಿಮಿಷದ ಟೈಮ್‌ಔಟನ್ನು ಎರಡು ನಿಮಿಷಕ್ಕೆ ಹೆಚ್ಚಿಸಬಹುದು. ಹಸ್ತಲಾಘವ ಬೇಡ. ಇದನ್ನು ಓದುವಾಗ ನಗು ಬರುವುದು ಸಹಜ. ಕೈಕುಲುಕಬಾರದು, ಆದರೆ ಅಪ್ಪಿ ಕೆಡವಬಹುದೇ? ನಿಯಮದ ಹಿಂದೆ ಒಂದು ಲೆಕ್ಕವಿತ್ತು. ಆರು ಅಡಿಗಳೊಳಗೆ 15 ನಿಮಿಷ ಇದ್ದವರನ್ನು ಅಂದಿನ ಅಮೆರಿಕದ ಆರೋಗ್ಯ ಇಲಾಖೆ ನಿಕಟ ಸಂಪರ್ಕಿತರೆಂದು ಎಣಿಸುತ್ತಿತ್ತು. ಫುಟ್‌ಬಾಲಿನಲ್ಲಿ ಒಂದೊಂದು ಓಟ ಕೆಲವೇ ಸೆಕೆಂಡುಗಳದ್ದು, ಅದೂ ಬಯಲಿನಲ್ಲಿ. ಆಟದ ತಿರುಳನ್ನು ಬದಲಿಸಲಾಗದು ಎಂದು ಗೊತ್ತಿದ್ದವರು ಅದರ ಅಂಚುಗಳನ್ನು ಬಿಗಿಗೊಳಿಸಿದರು. ನಮ್ಮ ದೃಷ್ಟಿಯಲ್ಲಿ ಅದು ಕಪಟವಲ್ಲ, ವಿವೇಕವೇ.

ಆದರೆ ಆಡಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವವರು ಬೇರೆ ಇದ್ದರು, ಮತ್ತು ಅವರೆಲ್ಲರ ಉತ್ತರ ಒಂದೇ ಆಗಿರಲಿಲ್ಲ. ಯೂಟಾ ರಾಜ್ಯದಲ್ಲಿ 2020ರ ಆಗಸ್ಟ್ ಮಧ್ಯದಲ್ಲೇ ಪಂದ್ಯ ಆರಂಭವಾಯಿತು. ಟೆಕ್ಸಾಸ್ ಸಣ್ಣ ಶಾಲೆಗಳಿಗೆ ಆಗಸ್ಟ್‌ನಲ್ಲಿ, ದೊಡ್ಡ ಶಾಲೆಗಳಿಗೆ ಸೆಪ್ಟೆಂಬರ್ ಕೊನೆಗೆ ಅನುಮತಿಸಿತು. ಕ್ಯಾಲಿಫೋರ್ನಿಯ, ಇಲಿನಾಯ್ ಮುಂದಿನ ವರ್ಷಕ್ಕೆ ಮುಂದೂಡಿದವು.

ಎಲ್ಲಕ್ಕಿಂತ ಹೆಚ್ಚು ತೂಗಾಡಿದ್ದು ಮಿಶಿಗನ್. ಅಲ್ಲಿನ ಕ್ರೀಡಾ ಸಂಘ ಆಗಸ್ಟ್ 14ರಂದು ಫುಟ್‌ಬಾಲನ್ನು 2021ರ ವಸಂತಕ್ಕೆ ಮುಂದೂಡಿತು. ಹುಡುಗರಿಗೆ ಸಮಾಧಾನ ಹೇಳಿ ಮುಗಿಸುವಷ್ಟರಲ್ಲಿ, ಮೂರು ವಾರ ತುಂಬುವ ಮೊದಲೇ, ಸೆಪ್ಟೆಂಬರ್ 3ರಂದು ಆಟ ಇದೆ ಎಂದಿತು. ಸೆಪ್ಟೆಂಬರ್ 18ಕ್ಕೆ ಪಂದ್ಯಗಳು ಶುರು. ಒಂಬತ್ತು ಪಂದ್ಯಗಳ ಬದಲು ಆರು, ಎಲ್ಲ ತಂಡಗಳಿಗೂ ನಾಕೌಟ್ ಹಂತಕ್ಕೆ ಪ್ರವೇಶ, ಆಟಗಾರನೊಬ್ಬನಿಗೆ ಇಬ್ಬರೇ ಪ್ರೇಕ್ಷಕರು, ಆಡುವಾಗಲೂ ಮಾಸ್ಕ್. ನವೆಂಬರ್ 18ರಿಂದ ರಾಜ್ಯದ ಆರೋಗ್ಯ ಇಲಾಖೆ ಮತ್ತೆ ತಡೆ ಹಾಕಿತು. ಆಗ ಬಾಕಿ ಇದ್ದದ್ದು ಮೂರು ಸುತ್ತು ಮಾತ್ರ. ಕ್ರಿಸ್ಮಸ್ ಕಳೆದು, ರಾಪಿಡ್ ಪರೀಕ್ಷೆಯ ವ್ಯವಸ್ಥೆಯೊಂದಿಗೆ, ಹಿಮ ಬೀಳುವ ಜನವರಿಯಲ್ಲಿ ಉಳಿದ ಪಂದ್ಯಗಳು ನಡೆದವು. ಫೈನಲ್‌ಗಳು 2021ರ ಜನವರಿ 22 ಮತ್ತು 23ರಂದು ಡೆಟ್ರಾಯಿಟ್‌ನ ಫೋರ್ಡ್ ಫೀಲ್ಡ್ ಒಳಾಂಗಣ ಕ್ರೀಡಾಂಗಣದಲ್ಲಿ ಜರುಗಿದವು. ವಾರನ್ ಪಟ್ಟಣದ ಕಥೋಲಿಕ ಶಾಲೆ ಡಿ ಲಾ ಸಾಲ್ ಎರಡನೇ ಡಿವಿಜನ್‌ನ ಫೈನಲ್ ತಲುಪಿ ಮೋನಾ ಶೋರ್ಸ್ ತಂಡಕ್ಕೆ ಸೋತಿತು. ಆಗಸ್ಟ್‌ನಲ್ಲಿ ಹೊರಟ ಹುಡುಗರು ಜನವರಿ ಅಂತ್ಯಕ್ಕೆ ಮುಟ್ಟಿದ್ದರು. ಈ ಆರು ತಿಂಗಳು ಅವರನ್ನು ಹಸಿಯಾಗಿಯೂ ಇಡದೆ ಸುಸ್ತಾಗಿಸಲೂ ಬಿಡದೆ ಕಾಪಾಡಿಕೊಂಡು ಬಂದದ್ದೇ ತರಬೇತುದಾರರ ನಿಜವಾದ ಕಸುಬು.

ತಂತ್ರಗಾರಿಕೆಯಲ್ಲೂ ಹೊಸ ಯೋಚನೆ ಬೇಕಾಯಿತು. ಒಬ್ಬನಿಗೆ ಸೋಂಕು ತಗುಲಿದರೆ ಅವನ ಜೊತೆ ಕುಳಿತವರೆಲ್ಲ 14 ದಿನ ಮನೆಯಲ್ಲಿ. ಒಂದೇ ಸ್ಥಾನಕ್ಕೆ ಆಡುವವರು ಒಟ್ಟಿಗೆ ಅಭ್ಯಾಸ ಮಾಡುವುದು ಈ ಆಟದ ಹಳೆಯ ಪದ್ಧತಿ. ಈಗ ಅದೇ ಮುಳುವಾಗುವಂತಿತ್ತು. ವೃತ್ತಿಪರರಲ್ಲಿ ಡೆನ್ವರ್ ಬ್ರಾಂಕೋಸ್ ತಂಡದ ಗತಿ ಎಲ್ಲರಿಗೂ ಪಾಠವಾಯಿತು. ಆಟವನ್ನು ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಒಬ್ಬನ ಸಂಪರ್ಕದಿಂದ ಎಲ್ಲರೂ ಹೊರಗುಳಿಯಬೇಕಾಗಿ, 2020ರ ನವೆಂಬರ್ 29ರಂದು ಕೆಂಡಾಲ್ ಹಿಂಟನ್ ಎಂಬ, ಬೇರೆ ಸ್ಥಾನಕ್ಕೆ ಆಡುವ ಮೀಸಲು ಆಟಗಾರನನ್ನು ಆ ಜಾಗಕ್ಕೆ ಇಳಿಸಿ ತಂಡ ಸೋತಿತು. ಲಕ್ಷಾಂತರ ಡಾಲರ್ ಸಂಬಳದ ತಂಡಕ್ಕೇ ಹೀಗಾದರೆ ಶಾಲೆಯ ತಂಡದ ಪಾಡೇನು? ಮುಖ್ಯ ಆಟಗಾರನನ್ನೂ ಅವನ ಬದಲಿಯನ್ನೂ ಬೇರೆ ಬೇರೆ ಗುಂಪಿನಲ್ಲಿಡುವುದು, ತಂಡವನ್ನೇ ಎರಡಾಗಿ ಒಡೆದು ಅಭ್ಯಾಸ ಮಾಡಿಸುವುದು ಇದರಿಂದಲೇ.

ದೇಹದ ಚಿಂತೆ ಬೇರೆ. ತಿಂಗಳುಗಟ್ಟಲೆ ಮನೆಯಲ್ಲಿದ್ದ ಹುಡುಗನನ್ನು ಆಗಸ್ಟ್‌ನ ಬಿಸಿಲಲ್ಲಿ ಹೆಲ್ಮೆಟ್ ತೊಡಿಸಿ ಓಡಿಸಿದರೆ ಉಷ್ಣಾಘಾತದ ಭಯ. ಸೋಂಕಿನಿಂದ ಗುಣವಾದವನ ಹೃದಯದ ಬಗ್ಗೆ ಇನ್ನೊಂದು ಭಯ. 2020ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸೋಂಕು ತಗುಲಿದ್ದ 26 ಕಾಲೇಜು ಕ್ರೀಡಾಪಟುಗಳ ಪೈಕಿ 4 ಮಂದಿಯಲ್ಲಿ ಹೃದಯದ ಸ್ನಾಯುವಿನ ಉರಿಯೂತದ ಲಕ್ಷಣ ಕಂಡಿತ್ತು. ಅದನ್ನು ಓದಿದ ಯಾವ ತಂದೆತಾಯಿ ಮಗನನ್ನು ನಿಶ್ಚಿಂತೆಯಿಂದ ಕಳುಹಿಸಿಯಾರು? 2021ರ ಮೇ ತಿಂಗಳಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ 1,597 ಮಂದಿಯಲ್ಲಿ 37 ಮಂದಿಗೆ ಮಾತ್ರ ಅದು ಕಂಡುಬಂತು. ಆದರೆ ಮೊದಲ ಹಂಗಾಮಿನಲ್ಲಿ ನಿರ್ಧಾರ ತೆಗೆದುಕೊಂಡವರ ಕೈಯಲ್ಲಿ ಈ ಎರಡನೇ ಲೆಕ್ಕ ಇರಲಿಲ್ಲ.

ಹಾಗಾದರೆ ಒಂದು ವರ್ಷ ಆಟ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳಬಹುದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2020ರ ಮೇ ತಿಂಗಳಲ್ಲಿ ತಮ್ಮ ರಾಜ್ಯದ 3,243 ಶಾಲಾ ಕ್ರೀಡಾಪಟುಗಳನ್ನು ಪ್ರಶ್ನಿಸಿದಾಗ, ಸುಮಾರು ಶೇಕಡಾ 68 ಮಂದಿ ಚಿಕಿತ್ಸೆ ಬೇಕೆನಿಸುವಷ್ಟು ಆತಂಕ ಅಥವಾ ಖಿನ್ನತೆಯನ್ನು ಹೇಳಿಕೊಂಡಿದ್ದರು. ಬಡ ಕುಟುಂಬದ ಹುಡುಗರಿಗೆ ಇನ್ನೊಂದು ನಷ್ಟವೂ ಇತ್ತು. ಆಟದ ಬಲದಿಂದ ಕಾಲೇಜು ವಿದ್ಯಾರ್ಥಿವೇತನ ಪಡೆಯಬೇಕಾದವನಿಗೆ ಕೊನೆಯ ವರ್ಷದ ಪಂದ್ಯಗಳ ವಿಡಿಯೋವೇ ಅರ್ಜಿ. 2020ರ ಮಾರ್ಚ್‌ನಿಂದ 2021ರ ಮೇ ಕೊನೆಯವರೆಗೆ ಕಾಲೇಜಿನವರು ಆಟಗಾರರನ್ನು ಖುದ್ದಾಗಿ ಬಂದು ನೋಡುವುದಕ್ಕೆ ನಿಷೇಧವಿತ್ತು. ಆಗಲೇ ಕಾಲೇಜಿನಲ್ಲಿದ್ದವರಿಗೆ ಒಂದು ವರ್ಷ ಹೆಚ್ಚುವರಿ ಸಿಕ್ಕಿದ್ದರಿಂದ ಹೊಸಬರಿಗೆ ಜಾಗವೂ ಕಡಿಮೆಯಾಯಿತು. ಅಂಥ ಹುಡುಗನಿಗೆ ಆಟವಿಲ್ಲದ ವರ್ಷ ಎಂದರೆ ಮುಚ್ಚಿದ ಬಾಗಿಲು.

ಸೋಂಕು ಹರಡಿದ್ದೆಲ್ಲಿ ಎಂಬುದಕ್ಕೆ ವಿಸ್ಕಾನ್ಸಿನ್‌ನದೇ ಇನ್ನೊಂದು ಲೆಕ್ಕ ಗಮನಾರ್ಹ. 2020ರ ಸೆಪ್ಟೆಂಬರ್‌ನಲ್ಲಿ 207 ಶಾಲೆಗಳ 30,074 ಆಟಗಾರರಲ್ಲಿ 271 ಮಂದಿಗೆ ಸೋಂಕು ತಗುಲಿತು. ಮೂಲ ತಿಳಿದುಬಂದ 209 ಪ್ರಕರಣಗಳಲ್ಲಿ 115 ಮನೆಯಿಂದ, 85 ಊರಿನ ಇತರ ಓಡಾಟದಿಂದ, 5 ಶಾಲೆಯಿಂದ. ಆಟದಿಂದ ಬಂದದ್ದು ಒಂದೇ ಒಂದು. ಇದು ಎಲ್ಲರನ್ನೂ ಪರೀಕ್ಷಿಸಿ ತೆಗೆದ ಲೆಕ್ಕವಲ್ಲ, ಶಾಲೆಗಳು ವರದಿ ಮಾಡಿದ್ದು. ಫುಟ್‌ಬಾಲ್ ಒಂದನ್ನೇ ಕುರಿತದ್ದೂ ಅಲ್ಲ. ಆದ್ದರಿಂದ ಆಟ ಸಂಪೂರ್ಣ ಸುರಕ್ಷಿತ ಎಂದು ಇದರಿಂದ ಹೇಳಲಾಗದು. ಅದೇ ವರ್ಷ ಡಿಸೆಂಬರ್‌ನಲ್ಲಿ ಫ್ಲೋರಿಡಾದಲ್ಲಿ ನಡೆದ ಶಾಲಾ ಕುಸ್ತಿ ಪಂದ್ಯಾವಳಿಯಲ್ಲಿ ಭಾಗವಹಿಸಿದ 130 ಮಂದಿಯಲ್ಲಿ ಪರೀಕ್ಷೆಗೆ ಒಳಗಾದವರು 54, ಸೋಂಕಿತರು 38. ಅವರಿಂದ ಸೋಂಕು ಹರಡಿ ವಯಸ್ಕರೊಬ್ಬರು ಮೃತಪಟ್ಟರು. ಬಯಲಿಗೂ ಮುಚ್ಚಿದ ಕೋಣೆಗೂ ಇರುವ ಅಂತರ ದೊಡ್ಡದು.

ತರಬೇತುದಾರರು ಇದನ್ನು ಅಂಕಿಅಂಶ ಬರುವ ಮೊದಲೇ ಊಹಿಸಿದ್ದರು ಎನ್ನಬೇಕು. ಮೈದಾನದ ಎರಡು ಗಂಟೆ ಅವರ ಕಣ್ಣೆದುರು ಇತ್ತು. ಉಳಿದ ಇಪ್ಪತ್ತೆರಡು ಗಂಟೆ ಇರಲಿಲ್ಲ. ಒಂದೇ ಕಾರಿನಲ್ಲಿ ಐವರು ಮನೆಗೆ ಹೋಗುವುದು, ಶನಿವಾರದ ಪಾರ್ಟಿ, ಗೆಳೆಯನ ಮನೆಯ ನೆಲಮಾಳಿಗೆಯಲ್ಲಿ ವಿಡಿಯೋ ಗೇಮ್, ಸೋಂಕು ಇದ್ದದ್ದು ಅಲ್ಲಿ. ಹದಿನಾರು ವರ್ಷದವನಿಗೆ ಟ್ಯಾಕಲ್ ಕಲಿಸುವುದಕ್ಕಿಂತ ಶನಿವಾರ ಮನೆಯಲ್ಲಿರು ಎಂದು ಒಪ್ಪಿಸುವುದು ಕಷ್ಟ. ನೀನು ಹೋದರೆ ತಂಡದ ಪಂದ್ಯ ಹೋಗುತ್ತದೆ ಎಂಬ ಒಂದೇ ಮಾತು ಅಲ್ಲಿ ನಡೆಯುತ್ತಿತ್ತು. ಅಜ್ಜಿಯೊಂದಿಗೆ ಒಂದೇ ಮನೆಯಲ್ಲಿ ವಾಸಿಸುವ ಹುಡುಗನಿಗೆ ಆ ಮಾತಿನ ತೂಕ ಇನ್ನೂ ಹೆಚ್ಚು. ಬಿಳಿಗೂದಲಿನ ತರಬೇತುದಾರರಿಗೆ ತಮ್ಮ ಜೀವದ ಲೆಕ್ಕವೂ ಇತ್ತು, ಅದನ್ನು ಹುಡುಗರ ಮುಂದೆ ಆಡಲಾಗದು.

ಮುಂದೂಡಿದ ರಾಜ್ಯಗಳ ಕತೆ ಸುಲಭವಾಗಿರಲಿಲ್ಲ. ಕ್ಯಾಲಿಫೋರ್ನಿಯದಲ್ಲಿ 2021ರ ಫೆಬ್ರವರಿ 26ರಿಂದ, ಲಕ್ಷಕ್ಕೆ 14 ಅಥವಾ ಅದಕ್ಕಿಂತ ಕಡಿಮೆ ಪ್ರಕರಣಗಳಿದ್ದ ಕೌಂಟಿಗಳಲ್ಲಿ ಮಾತ್ರ ಆಟಕ್ಕೆ ಒಪ್ಪಿಗೆ ದೊರೆಯಿತು. 7ಕ್ಕಿಂತ ಹೆಚ್ಚಿದ್ದಲ್ಲಿ ವಾರವಾರ ಪರೀಕ್ಷೆ. ಇಲಿನಾಯ್‌ನಲ್ಲಿ ಮಾರ್ಚ್ ಏಪ್ರಿಲ್‌ನಲ್ಲಿ ಕಿರು ಹಂಗಾಮು. ಎರಡೂ ಕಡೆ ರಾಜ್ಯ ಚಾಂಪಿಯನ್‌ಷಿಪ್ ನಡೆಯಲಿಲ್ಲ. ಮೇಲಾಗಿ ಅದೇ ಹುಡುಗರು ನಾಲ್ಕೈದು ತಿಂಗಳಲ್ಲಿ ಮತ್ತೆ ಶರತ್ಕಾಲದ ಹಂಗಾಮಿಗೆ ಇಳಿಯಬೇಕಿತ್ತು. ಆ ವೇಳೆಗೆ ಲಸಿಕೆ ಬಂದಿತ್ತು. 12ರಿಂದ 15 ವಯಸ್ಸಿನವರಿಗೆ 2021ರ ಮೇ 10ರಂದು ಫೈಜರ್ ಲಸಿಕೆಗೆ ಅನುಮತಿ ದೊರೆತಿತ್ತು.

2021-22ರಲ್ಲಿ ಒಕ್ಕೂಟ ಮತ್ತೆ ಆಟಗಾರರ ಗಣತಿ ಮಾಡಿದಾಗ ಹನ್ನೊಂದು ಮಂದಿಯ ಫುಟ್‌ಬಾಲ್ ಆಡುವ ಹುಡುಗರ ಸಂಖ್ಯೆ 9,73,792ಕ್ಕೆ ಇಳಿದಿತ್ತು. ಮರುವರ್ಷ ಅದು 10,28,761ಕ್ಕೆ ಏರಿತು. 2019-20 ಮತ್ತು 2020-21ರ ಸಾಲಿನಲ್ಲಿ ಗಣತಿಯೇ ನಡೆದಿರಲಿಲ್ಲ. ಮಾಸ್ಕ್ ಹಾಕಿ ಆಡಿದ ಆ ಹುಡುಗರ ಲೆಕ್ಕ ಇರುವುದು ಅವರ ತರಬೇತುದಾರರು ದಿನವೂ ಬರೆದಿಟ್ಟ ಜ್ವರದ ಪಟ್ಟಿಗಳಲ್ಲಿ.